ಅಡಿಕೆ ತೋಟದ ನಡುವಿನ ಮನೆಗೆ ಉಪಗ್ರಹ ಇಂಟರ್ನೆಟ್ ಯೋಗ್ಯವೇ?

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿರಸಿ ತಾಲ್ಲೂಕಿನ ಊರಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಆಗಾಗ ಅಲ್ಲಿದ್ದುಕೊಂಡೇ ಕೆಲಸ ಮಾಡಲು ಕಚೇರಿ ಒಪ್ಪಿದೆ. ಆದರೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಅಟ್ಟ ಹತ್ತಿದರೆ ಒಂದು ಕಡ್ಡಿ ಬಂದರೆ ಬಂತು. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಉಪಗ್ರಹ ಇಂಟರ್ನೆಟ್‌ಗೆ ಹಣ ಹಾಕಬಹುದೇ? ಮಳೆಗಾಲದಲ್ಲಿ ಅದು ನಡೆಯುತ್ತದೆಯೇ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಗೆ ಫೈಬರ್ ಎಳೆಯಲು ಸಾಧ್ಯವೇ ಎಂದು ಪೂರ್ತಿ ವಿಚಾರಿಸುವ ತನಕ ಉಪಗ್ರಹದ ಯೋಚನೆಯನ್ನು ಬದಿಗಿಡಿ. ಫೈಬರ್ ಬಾರದೆಂದು ಖಚಿತವಾದರೆ ಕೆಳಕಕ್ಷೆಯ, ಅಂದರೆ ಭೂಮಿಗೆ ಹತ್ತಿರದಲ್ಲಿ ಸುತ್ತುವ ಉಪಗ್ರಹಗಳ ಸೇವೆಯನ್ನೇ ಆರಿಸಿ, ಅದನ್ನೂ ಅಂಗಳದಲ್ಲಿ ನಿಂತು ಆಕಾಶ ನೋಡಿದ ಮೇಲೆ.

ಕೆಳಕಕ್ಷೆ ಎಂದು ಒತ್ತಿ ಹೇಳಲು ಕಾರಣವಿದೆ. ಭೂಮಿಯ ಜೊತೆಗೇ ತಿರುಗುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ನಿಮ್ಮ ಮಾತು ಅಷ್ಟು ಎತ್ತರಕ್ಕೆ ಹೋಗಿ ಕೆಳಗಿಳಿದು, ಉತ್ತರವೂ ಅದೇ ದಾರಿಯಲ್ಲಿ ಬರಬೇಕಾದುದರಿಂದ, ಬೆಳಕಿನ ವೇಗದಲ್ಲಿ ಸಾಗಿದರೂ ಸುಮಾರು ಅರ್ಧ ಸೆಕೆಂಡ್ ದಾರಿಯಲ್ಲೇ ಕಳೆಯುತ್ತದೆ. ಸಲಕರಣೆಗಳ ಸಮಯವೂ ಸೇರಿದರೆ ವಿಳಂಬ 600 ಮಿಲಿಸೆಕೆಂಡ್ ದಾಟುತ್ತದೆ. ಇಮೇಲ್‌ಗಾಗಲಿ ಬ್ಯಾಂಕ್ ವ್ಯವಹಾರಕ್ಕಾಗಲಿ ಇದರಿಂದ ತೊಂದರೆಯಿಲ್ಲ, ಆದರೆ ವಿಡಿಯೊ ಸಭೆಯಲ್ಲಿ ನೀವು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಮಾತು ಶುರು ಮಾಡಿರುತ್ತಾರೆ. ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ನಡೆಸುವ ಕೆಳಕಕ್ಷೆಯ ಸೇವೆ ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಅಲ್ಲಿನ ವಿಳಂಬ ಸಾಮಾನ್ಯವಾಗಿ 25ರಿಂದ 60 ಮಿಲಿಸೆಕೆಂಡ್‌ನಷ್ಟಿರುತ್ತದೆ. ನಿಮ್ಮ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಆದರೆ ಮಲೆನಾಡಿನ ಮನೆಗೆ ನಿಜವಾದ ತೊಡಕು ಮರಗಳದು. ಭೂಸ್ಥಿರ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುವುದರಿಂದ, ಮರಗಳ ನಡುವೆ ಆ ದಿಕ್ಕಿಗೆ ಒಂದು ಕಿಂಡಿಯಿದ್ದರೂ ಡಿಶ್ ಕೆಲಸ ಮಾಡುತ್ತದೆ. ಅಂಥದ್ದೇ ಒಂದು ಭೂಸ್ಥಿರ ಉಪಗ್ರಹ, ಇಸ್ರೊದ ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಶಿರಸಿಯಿಂದ ನೋಡಿದರೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೆ, ಕೊಂಚ ದಕ್ಷಿಣಕ್ಕೆ ಬರುತ್ತದೆ. ಕೆಳಕಕ್ಷೆಯ ಉಪಗ್ರಹಗಳು ಹಾಗೆ ನಿಲ್ಲುವುದಿಲ್ಲ. ಒಂದು ಮರೆಯಾಗುವ ಮುನ್ನ ಇನ್ನೊಂದನ್ನು ಹಿಡಿಯಬೇಕಾದ ಆ ಡಿಶ್‌ಗೆ 100 ಡಿಗ್ರಿಗೂ ಹೆಚ್ಚು ಅಗಲದ ತೆರೆದ ಆಕಾಶ ಬೇಕು. ಐವತ್ತು ಅಡಿ ಎತ್ತರದ ಅಡಿಕೆ ಮರಗಳ ಸಾಲು ಅಂಗಳದ ಅಂಚಿಗೇ ಇದ್ದರೆ, ಉಪಗ್ರಹ ಆ ತಲೆಗಳ ಹಿಂದೆ ಹೋದಾಗಲೆಲ್ಲ ಕೆಲವು ಸೆಕೆಂಡ್ ಸಂಪರ್ಕ ಕಡಿಯುತ್ತದೆ. ಸಿನಿಮಾ ನೋಡುವವರಿಗೆ ಅದು ಗೊತ್ತಾಗದಿರಬಹುದು, ಸಭೆಯಲ್ಲಿರುವವರಿಗೆ ಗೊತ್ತಾಗದೆ ಇರುವುದಿಲ್ಲ. ಆದ್ದರಿಂದ ಅಡಿಕೆ ಒಣಗಿಸುವ ಅಂಗಳದ ನಟ್ಟನಡುವೆ, ಮನೆಯ ಹಂಚಿನ ತುದಿಯ ಬಳಿ, ಕೊಟ್ಟಿಗೆಯ ಹಿಂದೆ, ಹೀಗೆ ಬೇರೆಬೇರೆ ಕಡೆ ನಿಂತು ಮೊಬೈಲ್ ಕ್ಯಾಮೆರಾದಿಂದ ಆಕಾಶವನ್ನು ಸುತ್ತ ಚಿತ್ರೀಕರಿಸಿ. ಮರೆ ಎಷ್ಟಿದೆ ಎಂದು ತೋರಿಸುವ ಸೌಲಭ್ಯ ಸ್ಟಾರ್‌ಲಿಂಕ್‌ನ ಆ್ಯಪ್‌ನಲ್ಲೇ ಇದೆ. ಬೆಟ್ಟದ ಮರ ಕಡಿದು ದಾರಿ ಮಾಡುವ ಯೋಚನೆ ಬೇಡ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ಆ ಬೆಟ್ಟ ತೋಟಕ್ಕೂ ಬೇಕು.

ಮಳೆಯ ಬಗ್ಗೆ ಕೇಳಿದ್ದೀರಿ. ಉಪಗ್ರಹ ಇಂಟರ್ನೆಟ್ ಬಳಸುವಂಥ, 10 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳನ್ನು ಮಳೆಹನಿಗಳು ಹೀರಿಕೊಂಡು ಚದುರಿಸುತ್ತವೆ. ಜಿಟಿಜಿಟಿ ಮಳೆಗೆ ಏನೂ ಆಗದು, ಧೋ ಎಂದು ಸುರಿಯುವಾಗ ಕೆಲವು ನಿಮಿಷ ಸಂಪರ್ಕ ಹೋಗಬಹುದು.

ಅದಕ್ಕಿಂತ ದೊಡ್ಡ ಚಿಂತೆ ಕರೆಂಟಿನದು. ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್ 75ರಿಂದ 100 ವ್ಯಾಟ್ ಎಳೆಯುತ್ತದೆ, ಅಂದರೆ ದಿನವಿಡೀ ಹಾಕಿಟ್ಟರೆ ಸುಮಾರು ಎರಡು ಯೂನಿಟ್. ಮನೆಯಲ್ಲಿರುವ 150 ಎಎಚ್ ಇನ್ವರ್ಟರ್ ಬ್ಯಾಟರಿ ಹೊಸದಾಗಿದ್ದರೆ ಡಿಶ್ ಒಂದನ್ನೇ ಹತ್ತು ಹನ್ನೆರಡು ಗಂಟೆ ನಡೆಸೀತು, ದೀಪ ಫ್ಯಾನುಗಳೂ ಸೇರಿದರೆ ಅದರ ಅರ್ಧ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ನಿಮ್ಮ ತಂದೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ. ಸಿಡಿಲಿನ ಕಾಲಕ್ಕೆ ಅರ್ಥಿಂಗ್ ಸರಿಯಾಗಿರಬೇಕು, ಮಂಗಗಳು ಅಲ್ಲಾಡಿಸದಂತೆ ಡಿಶ್ ನಿಲ್ಲಿಸುವ ಕಂಬವೂ ಗಟ್ಟಿಯಾಗಿರಬೇಕು.

ಇನ್ನು ಅನುಮತಿ ಮತ್ತು ದರ. ದೂರಸಂಪರ್ಕ ಇಲಾಖೆ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ಕೊಟ್ಟಿತು, ಮರುತಿಂಗಳು ಖಾಸಗಿ ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌-ಸ್ಪೇಸ್‌ನ ಒಪ್ಪಿಗೆಯೂ ದೊರೆಯಿತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ತಿಂಗಳಿಗೆ 8,600 ರೂಪಾಯಿ, ಸಲಕರಣೆಗೆ 34,000 ರೂಪಾಯಿ ಎಂಬ ದರ ಜಾಲತಾಣದಲ್ಲಿ ಕಾಣಿಸಿಕೊಂಡಾಗ, ಅದು ಪರೀಕ್ಷೆಗೆಂದು ತುಂಬಿದ ಅಂಕಿಯಷ್ಟೇ ಎಂದು ಸಂಸ್ಥೆಯೇ ಹೇಳಬೇಕಾಯಿತು. ನಿಮ್ಮ ಊರಿನ ವಿಳಾಸಕ್ಕೆ ಸಂಸ್ಥೆಯೇ ನೇರವಾಗಿ ಆರ್ಡರ್ ಸ್ವೀಕರಿಸುವ ತನಕ, ಮುಂಗಡ ಕೇಳುವ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ. ಅನುಮತಿಯಿಲ್ಲದೆ ವಿದೇಶದಿಂದ ಡಿಶ್ ತರಿಸುವುದೂ ಕಾನೂನಿಗೆ ವಿರುದ್ಧ.

ಹಾಗಾಗಿ ಮೊದಲು ಬಿಎಸ್ಎನ್ಎಲ್ ಫೈಬರ್ ಹಾಕಿಕೊಡುವ ಸ್ಥಳೀಯರನ್ನು ಮಾತನಾಡಿಸಿ. ಎಷ್ಟೋ ಗ್ರಾಮ ಪಂಚಾಯಿತಿಗಳಿಗೆ ಕೇಂದ್ರ ಸರ್ಕಾರದ ಗ್ರಾಮೀಣ ಫೈಬರ್ ಯೋಜನೆಯಾದ ಭಾರತ್‌ನೆಟ್‌ನ ಕೇಬಲ್ ಬಂದಿದೆ, ಅಲ್ಲಿಂದ ಮನೆಯವರೆಗಿನ ದೂರಕ್ಕೆ ಖರ್ಚೆಷ್ಟು ಎಂಬುದೇ ಉಳಿದ ಪ್ರಶ್ನೆ. ನೆರೆಯ ಎರಡು ಮೂರು ಮನೆಯವರು ಜೊತೆಗೂಡಿದರೆ ಆ ಖರ್ಚು ಹಂಚಿಹೋಗುತ್ತದೆ. ಕೊಂಬೆ ಬಿದ್ದು ಕೇಬಲ್ ತುಂಡಾದರೆ ಎಷ್ಟು ದಿನಕ್ಕೆ ಸರಿಮಾಡುತ್ತಾರೆ ಎಂದು ಈಗಾಗಲೇ ಸಂಪರ್ಕ ಪಡೆದವರನ್ನು ಕೇಳಿ ತಿಳಿಯಿರಿ. ಫೈಬರ್ ಆಗದಿದ್ದರೆ, ಅಟ್ಟದಲ್ಲಿ ಸಿಗುವ ಆ ಒಂದು ಕಡ್ಡಿಯನ್ನೂ ಹಗುರವಾಗಿ ಕಾಣಬೇಡಿ. ಎತ್ತರದ ಪೈಪಿಗೆ ಟವರ್‌ನತ್ತ ಮುಖ ಮಾಡಿದ ಆಂಟೆನಾ ಕಟ್ಟಿ, ಸಿಮ್ ಹಾಕುವ 4ಜಿ ರೌಟರ್‌ಗೆ ಜೋಡಿಸಿದರೆ ಬಳಸುವಷ್ಟು ವೇಗ ಬರಬಹುದು. ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳನ್ನು ಮಾತ್ರ ಕೊಳ್ಳಬೇಡಿ, ಪರವಾನಗಿಯಿಲ್ಲದೆ ಅವುಗಳನ್ನು ಬಳಸುವುದು ಅಪರಾಧ.

ಯಾವ ದಾರಿಯಿಂದ ಇಂಟರ್ನೆಟ್ ಬಂದರೂ ಅದೇ ದಿನ ತಂದೆ ತಾಯಿಯ ಮೊಬೈಲ್‌ಗಳಲ್ಲಿ ವೈ-ಫೈ ಕಾಲಿಂಗ್ ಚಾಲೂ ಮಾಡಿಕೊಡಿ. ಜಿಯೊ ಮತ್ತು ಏರ್‌ಟೆಲ್ ಎರಡರಲ್ಲೂ ಆ ಸೌಲಭ್ಯವಿದೆ, ಅವರ ಫೋನ್‌ಗಳು ಅದಕ್ಕೆ ಒಗ್ಗುತ್ತವೆಯೇ ಎಂದಷ್ಟೇ ನೋಡಬೇಕು. ಆಗ ಟವರ್ ಸಿಗದಿದ್ದರೂ ಅವರ ಮಾಮೂಲಿ ನಂಬರಿಗೇ ಮನೆಯೊಳಗೆ ಕರೆ ಬರುತ್ತದೆ, ಡಾಕ್ಟರಿಗೆ ಫೋನ್ ಮಾಡಲು ಅವರು ಅಟ್ಟ ಹತ್ತಬೇಕಾಗುವುದಿಲ್ಲ.