ರೇಡಿಯೇಟರಿಗೆ ಕಲ್ಲು ಬಡಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿಕ್ಷಕ. ವಾರಕ್ಕೆ ನಾಲ್ಕು ದಿನ ಬಳ್ಳಾರಿಯಿಂದ ಸಂಡೂರಿಗೆ ಕಾರಿನಲ್ಲಿ ಹೋಗಿಬರುತ್ತೇನೆ. ಹೋದ ತಿಂಗಳು ತೋರಣಗಲ್ಲು ದಾಟಿದ ಮೇಲೆ, ಮುಂದೆ ಹೋಗುತ್ತಿದ್ದ ಟಿಪ್ಪರಿನ ಹಿಂಗಾಲಿಯಿಂದ ಸಿಡಿದ ಕಲ್ಲೊಂದು ಬಂಪರಿನ ಕೆಳಗಿನ ಕಂಡಿಯೊಳಗೆ ಟಪ್ಪೆಂದು ಬಡಿಯಿತು. ಗಾಜು ಒಡೆಯಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡು ಮುಂದೆ ಸಾಗಿದೆ. ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲ ಹಸಿರು ನೀರು ಬಿದ್ದಿತ್ತು. ಒಬ್ಬ ಮೆಕ್ಯಾನಿಕ್ ರೇಡಿಯೇಟರನ್ನೇ ಬದಲಿಸಬೇಕು ಎಂದರು. ಇನ್ನೊಬ್ಬರು ಎಂ-ಸೀಲ್ ಮೆತ್ತಿದರೆ ಸಾಕು ಎಂದರು. ಸದ್ಯಕ್ಕೆ ದಿನವೂ ಬೆಳಿಗ್ಗೆ ನೀರು ತುಂಬಿಸಿ ಓಡಿಸುತ್ತಿದ್ದೇನೆ. ಯಾರ ಮಾತು ಕೇಳಲಿ? ಮತ್ತೆ ಹೀಗಾಗದಂತೆ ಏನು ಮಾಡಬಹುದು?
– ಓದುಗರು, ಬಳ್ಳಾರಿ

ಉತ್ತರ: ನೀವು ಕೇಳಿದ್ದಕ್ಕೆ ಉತ್ತರಿಸುವ ಮೊದಲು, ಕೇಳದೇ ಇರುವ ಒಂದು ಮಾತನ್ನು ಹೇಳಲೇಬೇಕಾಗಿದೆ. ದಿನವೂ ನೀರು ತುಂಬಿಸಿಕೊಂಡು ಓಡಿಸುವುದನ್ನು ದಯವಿಟ್ಟು ಇಂದೇ ನಿಲ್ಲಿಸಿರಿ. ಕಲ್ಲು ಮಾಡಿದ ತೂತು ಸೂಜಿಮೊನೆಯಷ್ಟೇ ಇರಬಹುದು, ಅದರ ಖರ್ಚು ಹೆಚ್ಚೆಂದರೆ ಒಂದು ರೇಡಿಯೇಟರಿನದು. ನೀರಿಲ್ಲದೆ ಓಡಿದ ಎಂಜಿನ್ನಿನ ಖರ್ಚು ಅದರ ಹಲವು ಪಟ್ಟು. ಕಾವು ಮಿತಿಮೀರಿದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಡೊಂಕಾಗುತ್ತದೆ, ಅದರ ಕೆಳಗೆ ಸೋರದಂತೆ ಕೂರಿಸಿರುವ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಎಂಜಿನ್ ತಣಿಸಲು ರೇಡಿಯೇಟರಿನಲ್ಲಿ ಹರಿಯುವ ದ್ರವ, ಅಂದರೆ ಕೂಲಂಟ್, ಎಂಜಿನ್ ಆಯಿಲಿನೊಳಗೆ ಸೇರುತ್ತದೆ. ನಾನು ಗ್ಯಾರೇಜಿನಲ್ಲಿದ್ದ ದಿನಗಳಲ್ಲಿ ಸಿರುಗುಪ್ಪದ ಕಡೆಯಿಂದ ಎಳೆದುತಂದಿದ್ದ ಒಂದು ಕಾರಿನ ಡಿಪ್‌ಸ್ಟಿಕ್ಕನ್ನು (ಆಯಿಲಿನ ಮಟ್ಟ ನೋಡುವ ಕಡ್ಡಿ) ಹೊರಗೆಳೆದು ನೋಡಿದಾಗ, ಆಯಿಲು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿ ಕಡ್ಡಿಯ ತುದಿಯಲ್ಲಿ ನೊರೆಯಾಗಿ ನಿಂತಿತ್ತು. ಆ ಕಾರಿನ ರೇಡಿಯೇಟರಿನಲ್ಲಿದ್ದ ತೂತು ಸಾಸಿವೆ ಕಾಳಿಗಿಂತ ಚಿಕ್ಕದು.

‘ಮೀಟರಿನ ಮುಳ್ಳು ಏರಿದರೆ ನಿಲ್ಲಿಸುತ್ತೇನೆ’ ಎಂಬ ಧೈರ್ಯವೂ ಬೇಡ. ಕಾವನ್ನು ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿರುವಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರು ಇಳಿದುಹೋಗಿ ಸೆನ್ಸರಿನ ಸುತ್ತ ಬರೀ ಗಾಳಿ ಮತ್ತು ಹಬೆ ಉಳಿದರೆ, ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ಏರದೆ ನಿಲ್ಲಬಹುದು, ಕೆಲವೊಮ್ಮೆ ಕೆಳಗೂ ಇಳಿಯಬಹುದು. ಈಗಿನ ಅನೇಕ ಚಿಕ್ಕ ಕಾರುಗಳಲ್ಲಿ ಮುಳ್ಳೇ ಇಲ್ಲ, ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಕಾದರೆ ಕೆಂಪು ದೀಪ, ಅಷ್ಟೆ.

ಇನ್ನೊಂದು ಕಾರಣವೂ ಇದೆ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂಥ ಅಂಕಿ ಅಚ್ಚಾಗಿರುವುದನ್ನು ನೀವು ಗಮನಿಸಿರಬಹುದು. ಮುಚ್ಚಳ ಒಳಗೆ ಎಷ್ಟು ಬಾರ್ ಒತ್ತಡವನ್ನು ಹಿಡಿದಿಡುತ್ತದೆ ಎಂಬುದನ್ನು ಅದು ಹೇಳುತ್ತದೆ. ತೆರೆದ ಪಾತ್ರೆಯಲ್ಲಿ ಸುಮಾರು 100 ಡಿಗ್ರಿಗೆ ಕುದಿಯುವ ನೀರು, ಹೆಚ್ಚುವರಿ 1 ಬಾರ್ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೂತಿರುವ ರೇಡಿಯೇಟರಿನಲ್ಲಿ ಆ ಒತ್ತಡ ನಿಲ್ಲುವುದಿಲ್ಲವಾದ್ದರಿಂದ, ನೀರು ತುಂಬಿದ್ದರೂ ಅದು ಬೇಗ ಕುದಿಯುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಸಣ್ಣ ಮಾತಲ್ಲ.

ಈಗ ದುರಸ್ತಿಯ ವಿಷಯ. ಮೊದಲು ಏಟು ಬಿದ್ದಿರುವುದು ಎಲ್ಲಿ ಎಂಬುದು ಖಚಿತವಾಗಬೇಕು. ಹೆಚ್ಚಿನ ಕಾರುಗಳಲ್ಲಿ ಬಂಪರಿನ ಹಿಂದೆ ಮೊದಲು ಎಸಿಯ ಕಾವನ್ನು ಹೊರಬಿಡುವ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್ ಇರುತ್ತದೆ. ಕಂಡೆನ್ಸರ್ ತೂತಾಗಿದ್ದರೆ ಎಸಿ ತಂಪು ಕೊಡುವುದನ್ನು ನಿಲ್ಲಿಸುತ್ತದೆ, ಏಟು ಬಿದ್ದ ಜಾಗದಲ್ಲಿ ಎಣ್ಣೆ ಜಿಡ್ಡಿನ ಕಲೆಗೆ ಧೂಳು ಅಂಟಿರುತ್ತದೆ. ನಿಮ್ಮ ಕಾರಿನಿಂದ ಹಸಿರು ದ್ರವ ಬಿದ್ದಿರುವುದರಿಂದ ರೇಡಿಯೇಟರಿಗೇ ಪೆಟ್ಟಾಗಿರುವ ಸಂಭವ ಹೆಚ್ಚು. ಕಲ್ಲು ಎರಡರ ನಡುವಿನ ಸಂದಿಗೆ ಜಾರಿ ಅಲ್ಲೇ ಸಿಕ್ಕಿಕೊಂಡು, ಗಾಡಿಯ ಕುಲುಕಾಟಕ್ಕೆ ಕೊಳವೆಯನ್ನು ಉಜ್ಜಿ ತೂತು ಮಾಡುವುದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಪ್ರೆಶರ್ ಟೆಸ್ಟ್ ಮಾಡಿಸಿರಿ. ಮುಚ್ಚಳದ ಜಾಗಕ್ಕೆ ಗೇಜ್ ಇರುವ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಟ್ಟರೆ, ಮುಳ್ಳು ಇಳಿಯುತ್ತದೆಯೋ ಇಲ್ಲವೋ, ಹನಿ ಎಲ್ಲಿ ಮೂಡುತ್ತದೆ ಎಂಬುದೆಲ್ಲ ಎಂಜಿನ್ ಚಾಲೂ ಮಾಡದೆಯೇ ಗೊತ್ತಾಗುತ್ತದೆ. ಈ ಪರೀಕ್ಷೆ ಮಾಡದೆ ‘ಬದಲಿಸಿ’ ಎನ್ನುವವರ ಮಾತನ್ನೂ ‘ಮೆತ್ತಿ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ಹಳೆಯ ಅಂಬಾಸಿಡರ್, ಜೀಪುಗಳ ರೇಡಿಯೇಟರುಗಳು ತಾಮ್ರ ಹಿತ್ತಾಳೆಯವು. ಅನುಭವವುಳ್ಳ ರೇಡಿಯೇಟರ್ ಮಿಸ್ತ್ರಿ ಸೀಸ ತವರದ ಬೆಸುಗೆ ಹಾಕಿಕೊಟ್ಟರೆ ಮತ್ತೆ ವರ್ಷಗಟ್ಟಲೆ ಬಾಳುತ್ತಿದ್ದವು. ನಿಮ್ಮ ಕಾರಿನದು ಹಾಗಲ್ಲ. ಇಂದಿನ ರೇಡಿಯೇಟರಿನ ನಡುಭಾಗ ತೆಳು ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕುಗಳು ನೈಲಾನ್ ಪ್ಲಾಸ್ಟಿಕ್. ಅವೆರಡರ ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಅಂಚಿನ ಹಲ್ಲುಗಳನ್ನು ಮಡಿಚಿ ಬಿಗಿದಿರುತ್ತಾರೆ. ಅಲ್ಯೂಮಿನಿಯಂ ಮೇಲೆ ಗಾಳಿ ತಗುಲಿದ ಕೂಡಲೇ ಆಕ್ಸೈಡಿನ ಪೊರೆ ಕಟ್ಟುವುದರಿಂದ ಸಾಧಾರಣ ಬೆಸುಗೆ ಹಿಡಿಯುವುದಿಲ್ಲ. ಆ ಪೊರೆಯನ್ನು ಬಿಡಿಸುವ ತಕ್ಕ ಫ್ಲಕ್ಸ್ ಮತ್ತು ರಾಡ್ ಬಳಸಿ ಬ್ರೇಜಿಂಗ್ (ಹೆಚ್ಚು ಕಾವಿನ ಬೆಸುಗೆ) ಮಾಡಬಹುದು, ಆದರೆ ಕೊಳವೆಯ ಗೋಡೆ ಎಷ್ಟು ತೆಳುವೆಂದರೆ ಕೈ ಒಂದು ಕ್ಷಣ ತಡವಾದರೂ ಚಿಕ್ಕ ತೂತು ದೊಡ್ಡದಾಗುತ್ತದೆ, ಟ್ಯಾಂಕಿನ ಹತ್ತಿರವಾದರೆ ಪ್ಲಾಸ್ಟಿಕ್ ಕರಗುತ್ತದೆ.

ಎಂ-ಸೀಲಿನಂಥ ಎಪಾಕ್ಸಿಯನ್ನು ನಾನು ಹೀನಾಯವಾಗಿ ಕಾಣುವುದಿಲ್ಲ. ರೇಡಿಯೇಟರನ್ನು ಪೂರ್ತಿ ಬರಿದು ಮಾಡಿ, ತೂತಿನ ಸುತ್ತಲಿನ ರೆಕ್ಕೆಗಳನ್ನು (ಕೊಳವೆಗಳ ನಡುವಿನ ತೆಳು ಲೋಹದ ಮಡಿಕೆಗಳು) ಬಿಡಿಸಿ, ಸ್ಯಾಂಡ್‌ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿದ ಮೇಲೆ ಮೆತ್ತಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟರೆ ಅದು ಕೆಲವು ವಾರ ನಿಲ್ಲಬಹುದು. ಒದ್ದೆಯ ಮೇಲೆ ಮೆತ್ತಿದರೆ ಊರು ಸೇರುವ ತನಕವೂ ನಿಲ್ಲುವುದಿಲ್ಲ. ಹೇಗೆ ಮಾಡಿದರೂ ಅದು ಹೊಸ ಸಾಮಾನು ಬರುವವರೆಗಿನ ಉಪಾಯ; ಲೋಹ ಮತ್ತು ಎಪಾಕ್ಸಿ ಕಾವಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಅಂಚು ಒಂದಲ್ಲ ಒಂದು ದಿನ ಬಿಡುತ್ತದೆ. ತೂತಾದ ಒಂದೇ ಕೊಳವೆಯನ್ನು ಎರಡೂ ಕಡೆ ಮುಚ್ಚಿ ಉಳಿದವುಗಳ ಮೇಲೆ ನಡೆಸುವ ಪದ್ಧತಿಯೂ ಇದೆ. ಹತ್ತಾರು ಕೊಳವೆಗಳಲ್ಲಿ ಒಂದು ಹೋದರೆ ತಂಪು ಅಷ್ಟೇನೂ ಕುಗ್ಗುವುದಿಲ್ಲ; ಮೂರು ನಾಲ್ಕು ಹೋದರೆ ಏರಿನ ರಸ್ತೆಯಲ್ಲಿ ಅದರ ಪರಿಣಾಮ ಗೊತ್ತಾಗುತ್ತದೆ. ಸಂಡೂರಿನ ಗುಡ್ಡದ ದಾರಿಯಲ್ಲಿ ನಿತ್ಯ ಓಡಾಡುವ ನಿಮಗೆ, ಕೊಳವೆಯೇ ತೂತಾಗಿರುವುದು ಖಚಿತವಾದರೆ, ರೇಡಿಯೇಟರ್ ಬದಲಿಸುವುದೇ ನನ್ನ ಸಲಹೆ. ಬರೀ ರೆಕ್ಕೆಗಳು ಮಡಿಚಿದ್ದರೆ ಏನೂ ಬದಲಿಸಬೇಕಾಗಿಲ್ಲ. ಮೊಂಡಾದ ತೆಳು ಪಟ್ಟಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದರಾಯಿತು.

ಮುಂದಿನ ರಕ್ಷಣೆಗೆ ಬಂಪರಿನ ಕೆಳಗಿನ ಕಂಡಿಗೆ ಒಳಗಡೆಯಿಂದ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಕಟ್ಟಿಸಿರಿ. ಕಣ್ಣು 5ರಿಂದ 6 ಮಿ.ಮೀ., ತಂತಿ 1 ಮಿ.ಮೀ. ಇದ್ದರೆ ಸಾಕು. 6 ಮಿ.ಮೀ. ಕಣ್ಣಿಗೆ 1 ಮಿ.ಮೀ. ತಂತಿಯಾದರೆ ಜಾಲರಿಯ ಶೇ 73ರಷ್ಟು ಭಾಗ ಗಾಳಿಗೆ ತೆರೆದಿರುತ್ತದೆ, ಜೆಲ್ಲಿಯ ಚೂರು ಮಾತ್ರ ಒಳಗೆ ಬರುವುದಿಲ್ಲ. ಜಾಲರಿ ಬಂಪರಿಗೆ ಆತುಕೊಂಡಿರಬೇಕೇ ಹೊರತು ಕಂಡೆನ್ಸರಿಗೆ ತಾಗಬಾರದು. ಕನಿಷ್ಠ ಎರಡು ಬೆರಳು ಅಂತರ ಇರಲಿ. ತಾಗಿದ್ದರೆ ಕಲ್ಲಿನ ಏಟನ್ನು ಜಾಲರಿಯೇ ಕಂಡೆನ್ಸರಿಗೆ ದಾಟಿಸುತ್ತದೆ, ಮಳೆಗಾಲದಲ್ಲಿ ಸ್ಟೀಲು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ ಕಡೆ ಸವಕಳಿಯೂ ಶುರುವಾಗುತ್ತದೆ. ಕೇಬಲ್ ಟೈ ಬಳಸಿ ಕಟ್ಟಿಸಿರಿ, ಡ್ರಿಲ್ ಹಾಕಲು ಬಿಡಬೇಡಿರಿ. ಏರ್‌ಬ್ಯಾಗಿನ ಸೆನ್ಸರುಗಳು ಆ ಭಾಗದಲ್ಲೇ ಇರುತ್ತವೆ. ಮುಂದಿನ ವಾಹನವನ್ನು ಗುರುತಿಸುವ ರೇಡಾರ್ ನಿಮ್ಮ ಕಾರಿನಲ್ಲಿದ್ದರೆ ಅದರ ಎದುರಿಗೆ ಲೋಹದ ಜಾಲರಿ ಬರಲೇಬಾರದು.

ಇಷ್ಟಾದರೂ ಟಿಪ್ಪರಿನಿಂದ ದೂರ ಇರುವುದಕ್ಕೆ ಸಮನಾದ ರಕ್ಷಣೆ ಬೇರೆ ಇಲ್ಲ. ಜೋಡಿ ಚಕ್ರಗಳ ನಡುವೆ ಸಿಕ್ಕಿಕೊಂಡ ಕಲ್ಲು ಹಿಂದಕ್ಕೇ ಸಿಡಿಯುತ್ತದೆ. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಕಾರು 50 ಮೀಟರ್ ಸಾಗುತ್ತದೆ. ಅಷ್ಟು ಅಂತರ ಬಿಟ್ಟರೆ ಬಹುಪಾಲು ಕಲ್ಲುಗಳು ನಿಮ್ಮನ್ನು ತಲುಪುವ ಮೊದಲೇ ನೆಲಕ್ಕೆ ಬೀಳುತ್ತವೆ. ಏಟಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 60ರ ಬದಲು 80ರಲ್ಲಿ ಹೋಗುವಾಗ ಅದೇ ಕಲ್ಲು ಹತ್ತಿರಹತ್ತಿರ ಒಂದೂಮುಕ್ಕಾಲು ಪಟ್ಟು ಜೋರಾಗಿ ಬಡಿಯುತ್ತದೆ.

ಪ್ರಶ್ನೆ: ನಾನು ರಾಯಚೂರಿನ ಹತ್ತಿ ಮಾರುಕಟ್ಟೆಗೆ ನಿತ್ಯ ಹೋಗುವವನು. ಕಲ್ಲು, ಹತ್ತಿಯ ನಾರು ಎರಡನ್ನೂ ತಡೆಯಲೆಂದು ಬಂಪರಿನ ಒಳಗೆ ಸೊಳ್ಳೆ ಜಾಲರಿ ಕಟ್ಟಿಸಿದೆ. ಈಗ ಮಧ್ಯಾಹ್ನ ಗಾಡಿ ನಿಂತಾಗಲೆಲ್ಲ ಎಸಿ ತಂಪಾಗುವುದಿಲ್ಲ, ಫ್ಯಾನ್ ಸದಾ ಓಡುತ್ತಲೇ ಇರುತ್ತದೆ. ಕಾರಣವೇನು?
– ಓದುಗರು, ರಾಯಚೂರು

ಉತ್ತರ: ಜಾಲರಿಯನ್ನು ಈಗಲೇ ಬಿಚ್ಚಿಸಿರಿ. ಸೊಳ್ಳೆ ಜಾಲರಿ ಒಂದೇ ವಾರದಲ್ಲಿ ನಾರು, ಧೂಳು, ಹುಳುಗಳಿಂದ ಮುಚ್ಚಿಹೋಗುತ್ತದೆ. ಗಾಳಿ ಹೋಗದಿದ್ದರೆ ಕಂಡೆನ್ಸರ್ ತಣಿಯುವುದಿಲ್ಲ, ಅದರ ಹಿಂದಿರುವ ರೇಡಿಯೇಟರೂ ತಣಿಯುವುದಿಲ್ಲ. ಬಿಚ್ಚಿದ ಮೇಲೆ ಬದಿಯಿಂದ ಟಾರ್ಚ್ ಬೆಳಕು ಬಿಟ್ಟು ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯನ್ನು ನೋಡಿರಿ. ನಿಮ್ಮ ಊರಿನ ಗಾಡಿಗಳಲ್ಲಿ ಆ ಸಂದಿಯಲ್ಲಿ ಹತ್ತಿಯ ನಾರು ಮತ್ತು ಕೆಮ್ಮಣ್ಣು ಕೂಡಿ, ಕೈಹಾಕಿ ಎಳೆದರೆ ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಬರುವಷ್ಟು ದಟ್ಟವಾಗಿ ಕಟ್ಟಿಕೊಂಡಿರುತ್ತದೆ. ಎಂಜಿನ್ ತಣ್ಣಗಿರುವಾಗ, ಎಂಜಿನ್ ಕಡೆಯಿಂದ ಹೊರಕ್ಕೆ, ತೋಟಕ್ಕೆ ಬಿಡುವ ಪೈಪಿನ ಸಾಧಾರಣ ನೀರಿನಿಂದ ತೊಳೆಸಿರಿ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ನನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಚಪ್ಪಟೆಯಾಗಿ ಇದ್ದ ದಾರಿಯೂ ಮುಚ್ಚುತ್ತದೆ. ಆ ಮೇಲೆ ಮೊದಲ ಉತ್ತರದಲ್ಲಿ ಹೇಳಿದ ಅಳತೆಯ ಜಾಲರಿ ಹಾಕಿಸಿ, ಹತ್ತಿಯ ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆ ಬ್ರಷ್ ಆಡಿಸಿರಿ.

ಪ್ರಶ್ನೆ: ನಮ್ಮ ತಂದೆಯವರು ಜೀಪಿನ ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕುತ್ತಿದ್ದರು, ಸೋರುವುದು ನಿಲ್ಲುತ್ತಿತ್ತು. ಈಗಿನ ಕಾರಿಗೂ ಹಾಕಬಹುದೇ?
– ಓದುಗರು, ಸಿಂಧನೂರು

ಉತ್ತರ: ನಿಮ್ಮ ತಂದೆಯವರು ಮಾಡುತ್ತಿದ್ದುದು ಆ ಜೀಪಿಗೆ ಸರಿಯಾಗಿಯೇ ಇತ್ತು. ನೀರಿನೊಂದಿಗೆ ಹರಿಯುವ ಪುಡಿ ಸೋರುವ ಕಡೆಗೆ ಸೇರಿ, ಉಬ್ಬಿ, ತೂತನ್ನು ಮುಚ್ಚುತ್ತದೆ. ಅಗಲವಾದ ಹಿತ್ತಾಳೆ ಕೊಳವೆಗಳಲ್ಲಿ ಮಿಕ್ಕ ಪುಡಿಯಿಂದ ಅಂಥ ತೊಂದರೆ ಆಗುತ್ತಿರಲಿಲ್ಲ. ಇಂದಿನ ರೇಡಿಯೇಟರಿನ ಕೊಳವೆಗಳು ಚಪ್ಪಟೆ, ಒಳಗಿನ ದಾರಿ ಬಹಳ ಕಿರಿದು. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ದಾರಿಯೂ ಹಾಗೆಯೇ. ಅರಿಶಿನವಾಗಲಿ, ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿಯಾಗಲಿ ಅಲ್ಲಿ ಕೆಸರಾಗಿ ಕೂರುತ್ತದೆ, ಕಾವಿಗೆ ತಕ್ಕಂತೆ ಕೂಲಂಟಿನ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟಿಗೂ ಅಂಟುತ್ತದೆ. ನಡುರಾತ್ರಿ, ಅಡವಿಯ ದಾರಿ, ಬೇರೆ ಗತಿಯಿಲ್ಲ ಎಂಬಂಥ ಹೊತ್ತಿನಲ್ಲಿ ಹಾಕಿದರೆ ತಪ್ಪೆನ್ನಲಾರೆ. ಮರುದಿನವೇ ಇಡೀ ವ್ಯವಸ್ಥೆಯನ್ನು ತೊಳೆಸಿ ಹೊಸ ಕೂಲಂಟ್ ತುಂಬಿಸಬೇಕು. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು, ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ವಾಟರನ್ನೇ ಬೆರೆಸಿರಿ. ಹೊರಗೆ ಸುರಿದ ಕೂಲಂಟನ್ನು ಅಂಗಳದಲ್ಲಿ ಬಿಡಬೇಡಿರಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ವಿಷ. ನಾಯಿ, ಕರು, ಚಿಕ್ಕ ಮಕ್ಕಳು ಅದಕ್ಕೆ ಬಾಯಿ ಹಾಕುವ ಅಪಾಯವಿದೆ.

ಪ್ರಶ್ನೆ: ಕುಷ್ಟಗಿ ರಸ್ತೆಯಲ್ಲಿ ಕಲ್ಲು ಬಡಿದು ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡೆ. ಆಗ ಏನು ಮಾಡಬೇಕಿತ್ತು? ವಿಮೆ ಸಿಗುತ್ತದೆಯೇ?
– ಓದುಗರು, ಕೊಪ್ಪಳ

ಉತ್ತರ: ಕೈ ಬೇಗ ವಾಸಿಯಾಗಲಿ. ಕೆಂಪು ದೀಪ ಹತ್ತಿದ ಕೂಡಲೇ ಎಸಿ ಆರಿಸಿ, ಗಾಡಿಯನ್ನು ರಸ್ತೆಯಿಂದ ಬದಿಗೆ ಇಳಿಸಿ ಎಂಜಿನ್ ನಿಲ್ಲಿಸಬೇಕು. ನಿಲ್ಲಿಸಲು ಜಾಗವೇ ಇಲ್ಲದಿದ್ದರೆ, ಜಾಗ ಸಿಗುವ ತನಕ ಕಿಟಕಿಗಳನ್ನು ಇಳಿಸಿ ಹೀಟರನ್ನು ಪೂರ್ತಿ ಹಾಕಿರಿ. ಅದು ಎಂಜಿನ್ನಿನ ಕಾವನ್ನು ಸ್ವಲ್ಪವಾದರೂ ಹೊರಗೆಳೆಯುತ್ತದೆ. ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬಾರದು. ಒಳಗಿನ ದ್ರವ ಒತ್ತಡದಿಂದಾಗಿ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲಾದ ಕ್ಷಣವೇ ಹಬೆಯಾಗಿ ಚಿಮ್ಮುತ್ತದೆ. ನಿಮ್ಮ ಕೈ ಸುಟ್ಟದ್ದು ಹಾಗೆ. ಮೇಲಿನ ರಬ್ಬರ್ ಪೈಪನ್ನು ಮುಟ್ಟಲು ಆಗುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಸಮಗ್ರ ವಿಮೆ ಇದ್ದರೆ ಹೊರಗಿನಿಂದ ಕಲ್ಲು ಬಡಿದು ಆದ ಹಾನಿಗೆ ಪರಿಹಾರ ಸಿಗುತ್ತದೆ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯವಾಗಿ ಶೇ 50ರಷ್ಟು ಸವಕಳಿ (ಬಳಸಿ ಹಳತಾದದ್ದಕ್ಕೆ ಬೆಲೆಯಲ್ಲಿ ಕಡಿತ) ಕಳೆಯುತ್ತಾರೆ. ಏಟು ಬಿದ್ದ ಮೇಲೂ ಓಡಿಸಿ ಎಂಜಿನ್ ಸುಟ್ಟರೆ ಅದನ್ನು ಪರಿಣಾಮದ ನಷ್ಟವೆಂದು ಪರಿಗಣಿಸಿ, ಮಾಮೂಲಿ ಪಾಲಿಸಿಯಲ್ಲಿ ಕೊಡುವುದಿಲ್ಲ. ಆದ್ದರಿಂದ ನಿಲ್ಲಿಸಿದ ಜಾಗದಲ್ಲೇ ತೂತು, ಒದ್ದೆಯಾದ ನೆಲ, ಕಿ.ಮೀ. ಮೀಟರ್ ಮೂರರ ಫೋಟೋ ತೆಗೆದು, ವಿಮೆಯವರಿಗೆ ಫೋನ್ ಮಾಡಿ, ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.