ಭಾಗವತರ ಸ್ವರ ಎರಡೆರಡು ಸಲ ಕೇಳುವುದೇಕೆ?

ಪ್ರಶ್ನೆ: ಪತ್ತನಾಜೆ (ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ನಮ್ಮ ಮನೆಯ ಚಾವಡಿಯಲ್ಲಿ ತಿಂಗಳಿಗೊಂದು ತಾಳಮದ್ದಳೆ ಕೂಟ ಇರುತ್ತದೆ. ಒಬ್ಬೊಬ್ಬರ ಸ್ವರವನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬೇಕೆಂದು ಎಂಟು ಮೈಕ್ ಹಾಕಬಹುದಾದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಂದಿದ್ದೇವೆ. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಆದರೆ ಎರಡೇ ಇನ್‌ಪುಟ್ ಕಾಣಿಸುತ್ತದೆ. ಭಾಗವತರು ಹೆಡ್‌ಫೋನ್ ಇಟ್ಟುಕೊಂಡರೆ ‘ನನ್ನ ಸ್ವರ ಎರಡೆರಡು ಸಲ ಕೇಳುತ್ತದೆ, ಹಾಡಲು ಆಗುವುದಿಲ್ಲ’ ಎನ್ನುತ್ತಾರೆ. ಎಲ್ಲಿ ತಪ್ಪಿದೆ?
– ಓದುಗರು, ಬದಿಯಡ್ಕ

ಉತ್ತರ: ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಯಾವ ಮೈಕ್ ಯಾವ ಇನ್‌ಪುಟ್‌ಗೆ, ಅದು ಯಾವ ಟ್ರ್ಯಾಕ್‌ಗೆ, ಅಲ್ಲಿಂದ ಯಾರ ಕಿವಿಗೆ ಎಂದು ಗೆರೆ ಎಳೆದು ಬರೆಯಿರಿ. ಒಬ್ಬರ ಕಿವಿಗೆ ಒಂದೇ ಸದ್ದು ಎರಡು ಗೆರೆಗಳಲ್ಲಿ ಬಂದು ಸೇರುತ್ತಿದ್ದರೆ ದೋಷ ಅಲ್ಲೇ ಇದೆ. ಭಾಗವತರ ತೊಂದರೆಯೂ ಇದೇ.

ಎರಡೇ ಇನ್‌ಪುಟ್ ಕಾಣುವುದಕ್ಕೆ ಕಾರಣ, ರೀಪರ್ ವಿಂಡೋಸ್‌ನ ಸಾಮಾನ್ಯ ದಾರಿಯಲ್ಲಿ ಇಂಟರ್‌ಫೇಸ್ ಜೊತೆ ಮಾತಾಡುತ್ತಿದೆ. ಇಂಟರ್‌ಫೇಸ್ ತಯಾರಿಸಿದವರ ಜಾಲತಾಣದಿಂದ ಅವರದೇ ಎಎಸ್‌ಐಒ ಡ್ರೈವರ್ (ವಿಂಡೋಸ್‌ನ ಆ ದಾರಿ ಬಿಟ್ಟು ಇಂಟರ್‌ಫೇಸ್ ಜೊತೆ ನೇರವಾಗಿ ಮಾತಾಡಿಸುವ ತಂತ್ರಾಂಶ) ಹಾಕಿಕೊಳ್ಳಿ. ಆಮೇಲೆ ರೀಪರ್‌ನ ಆಪ್ಷನ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರೊಳಗೆ ಆಡಿಯೊ, ಅದರ ಕೆಳಗಿನ ಡಿವೈಸ್ ಪುಟಕ್ಕೆ ಹೋಗಿ. ಆಡಿಯೊ ಸಿಸ್ಟಮ್ ಎಂಬಲ್ಲಿ ಎಎಸ್‌ಐಒ, ಡ್ರೈವರ್ ಎಂಬಲ್ಲಿ ನಿಮ್ಮ ಇಂಟರ್‌ಫೇಸ್‌ನ ಹೆಸರು ಆರಿಸಿ. ‘ಎನೇಬಲ್ ಇನ್‌ಪುಟ್ಸ್’ಗೆ ಗುರುತು ಹಾಕಿ, ಮೊದಲನೆಯದು 1, ಕೊನೆಯದು 8 ಎಂದು ಕೊಡಿ. ಈ ಕೊನೆಯ ಸಂಖ್ಯೆ 2ರಲ್ಲೇ ನಿಂತಿರುವುದನ್ನು ಬಹಳ ಜನ ನೋಡುವುದಿಲ್ಲ.

ಇಂಟರ್‌ಫೇಸ್ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಡಬ್ಬದ ಮೇಲೆ 18 ಇನ್‌ಪುಟ್ ಎಂದಿದ್ದರೆ 18 ಮೈಕ್ ಹಾಕಬಹುದು ಎಂದಲ್ಲ. ಸಾಮಾನ್ಯವಾಗಿ ಅದರಲ್ಲಿ ಎಂಟು ಮಾತ್ರ ಮೈಕ್ ಅಥವಾ ಲೈನ್, ಇನ್ನೆಂಟು ಅಡಾಟ್ ಎಂಬ ಆಪ್ಟಿಕಲ್ ಕೇಬಲ್‌ನಲ್ಲಿ ಬರುವಂಥದ್ದು, ಉಳಿದೆರಡು ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಸಂಪರ್ಕ.

ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲೂ ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲೂ (ಆಲ್ಟ್ ಮತ್ತು ಎಂಟರ್ ಒತ್ತಿದರೆ ತೆರೆಯುತ್ತದೆ) ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಎಂಬ ಸಂಖ್ಯೆ) 48,000 ಇರಲಿ. 44,100ರಲ್ಲಿ ಹಿಡಿದದ್ದನ್ನು 48,000 ಎಂದು ತಿಳಿದು ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಮನೆ ಏರುತ್ತದೆ. ಕಪ್ಪು ಎರಡರಲ್ಲಿ ಹಾಡಿದ ಪದ್ಯ ಬಿಳಿ ಮೂರು ಮತ್ತು ನಾಲ್ಕರ ನಡುವೆ ಎಲ್ಲೋ ಕೇಳುತ್ತದೆ.

ಇನ್ನು ಟ್ರ್ಯಾಕ್‌ಗಳು. ಕಂಟ್ರೋಲ್ ಮತ್ತು ಟಿ ಒತ್ತಿ ಎಂಟು ಟ್ರ್ಯಾಕ್ ಮಾಡಿ, ಹೆಸರು ಬರೆಯಿರಿ. ನಾವಾದರೆ ಹೀಗೆ ಹಂಚುತ್ತೇವೆ: 1 ಭಾಗವತರು, 2 ಮದ್ದಳೆ, 3 ಚೆಂಡೆ, 4ರಿಂದ 7 ಅರ್ಥಧಾರಿಗಳು, 8 ಖಾಲಿ. ಒಂದು ಮೈಕ್ ಕೈಕೊಟ್ಟರೆ ಆ ಖಾಲಿ ಇನ್‌ಪುಟ್ ಕಾಪಾಡುತ್ತದೆ. ಚಕ್ರತಾಳಕ್ಕೆ ಬೇರೆ ಮೈಕ್ ಬೇಡವೇ ಬೇಡ, ಅದು ಕೂಟದ ಎಲ್ಲ ಮೈಕ್‌ಗಳಿಗೂ ತಾನಾಗಿ ನುಗ್ಗುತ್ತದೆ. ಶ್ರುತಿ ಪೆಟ್ಟಿಗೆಗೂ ಭಾಗವತರ ಮೈಕ್ ಸಾಕು. ಪ್ರತಿ ಟ್ರ್ಯಾಕ್‌ನ ಕೆಂಪು ಗುಂಡಿ ಒತ್ತಿ, ಇನ್‌ಪುಟ್ ಪಟ್ಟಿಯಲ್ಲಿ ಮೋನೊ ಇನ್‌ಪುಟ್ ಆರಿಸಿ. ಸ್ಟೀರಿಯೊ 2/3 ಎಂದು ಕೊಟ್ಟರೆ ಎಡಗಿವಿಯಲ್ಲಿ ಮದ್ದಳೆ, ಬಲಗಿವಿಯಲ್ಲಿ ಚೆಂಡೆ ಸೇರಿ ಒಂದೇ ಫೈಲ್ ಆಗುತ್ತದೆ.

ಚೆಂಡೆಗೆ ಡೈನಮಿಕ್ ಮೈಕ್ ಇಡಿ, ಇಂಟರ್‌ಫೇಸ್‌ನಲ್ಲಿ ಒಳಬರುವ ಸದ್ದು ತಗ್ಗಿಸುವ ಪ್ಯಾಡ್ ಗುಂಡಿ ಇದ್ದರೆ ಒತ್ತಿ. ಜೋರು ಪೆಟ್ಟಿಗೂ ಮೀಟರ್ –12 ಡಿಬಿ ದಾಟಬಾರದು. 24 ಬಿಟ್‌ನಲ್ಲಿ ಹಿಡಿಯುವಾಗ ಮಟ್ಟ ತಗ್ಗಿದ್ದರೆ ಆಮೇಲೆ ಏರಿಸಬಹುದು, ಒಡೆದ ಪೆಟ್ಟನ್ನು ಕೂಡಿಸಲಾಗುವುದಿಲ್ಲ. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಗುಂಡಿ ಅನೇಕ ಇಂಟರ್‌ಫೇಸ್‌ಗಳಲ್ಲಿ ನಾಲ್ಕು ಇನ್‌ಪುಟ್‌ಗೆ ಒಂದರಂತೆ ಇರುತ್ತದೆ. ಹಾಗಿದ್ದರೆ ಕಂಡೆನ್ಸರ್‌ಗಳನ್ನೆಲ್ಲ ಒಂದೇ ಗುಂಪಿಗೆ ಬರುವಂತೆ ಮೇಲಿನ ಪಟ್ಟಿಯನ್ನು ಬದಲಿಸಿಕೊಳ್ಳಿ.

ಭಾಗವತರ ಹೆಡ್‌ಫೋನ್‌ಗೆ ಬರೋಣ. ಅವರ ಸ್ವರ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಮೂಲಕ, ಲ್ಯಾಪ್‌ಟಾಪ್‌ಗೆ ಹೋಗದೆ, ತಕ್ಷಣ ಕಿವಿಗೆ ಬರುತ್ತದೆ. ಅದೇ ಸ್ವರ ಯುಎಸ್‌ಬಿಯಲ್ಲಿ ರೀಪರ್‌ಗೆ ಹೋಗಿ, ಟ್ರ್ಯಾಕ್‌ನ ರೆಕಾರ್ಡ್ ಮಾನಿಟರಿಂಗ್ ಆನ್ ಇರುವುದರಿಂದ ಮತ್ತೆ ಹೊರಗೆ ಬರುತ್ತದೆ. ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಂಡು) 512 ಸ್ಯಾಂಪಲ್ ಇದ್ದರೆ ಒಳಗೆ ಹೋಗಲು 10.7 ಮಿಲಿಸೆಕೆಂಡ್, ಹೊರಗೆ ಬರಲು ಇನ್ನೊಂದು 10.7. ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡ್ ಹಿಂದೆ ಬರುವ ತನ್ನದೇ ಸ್ವರವನ್ನು ಕೇಳುತ್ತ ತಾಳ ಹಿಡಿಯಲು ಯಾರಿಗೂ ಆಗದು. ಎಲ್ಲ ಟ್ರ್ಯಾಕ್‌ಗಳ ಮಾನಿಟರಿಂಗ್ ಗುಂಡಿ ಆಫ್ ಮಾಡಿ, ಡೈರೆಕ್ಟ್ ಮಾನಿಟರ್ ಒಂದನ್ನೇ ಉಳಿಸಿ. ಆಗ ಸಾಫ್ಟ್‌ವೇರ್ ಮೂಲಕ ಯಾರೂ ಕೇಳುತ್ತಿಲ್ಲವಾದ್ದರಿಂದ ಬಫರನ್ನು 1024ಕ್ಕೆ ಏರಿಸಬಹುದು. ಮೂರು ಗಂಟೆಯ ಕೂಟದಲ್ಲಿ ನಡುವೆ ಟಿಕ್ ಟಿಕ್ ಎಂದು ತುಂಡಾಗುವ ಭಯವೂ ಕಡಿಮೆ. ಎಂಟು ಟ್ರ್ಯಾಕ್, ಮೂರು ಗಂಟೆ, 24 ಬಿಟ್ ಎಂದರೆ ಸುಮಾರು 12.5 ಜಿಬಿ ಜಾಗ ಬೇಕು, ನೋಡಿಕೊಳ್ಳಿ.

ಮುಂದೆ ಪದ್ಯಗಳನ್ನು ಒಂದೊಂದೇ ಪದರವಾಗಿ ರೆಕಾರ್ಡ್ ಮಾಡುವುದಾದರೆ, ಭಾಗವತರಿಗೆ ಬೇರೆಯೇ ಮಿಶ್ರಣ ಬೇಕಾಗುತ್ತದೆ. ‘ಭಾಗವತರ ಕಿವಿ’ ಎಂದು ಹೊಸ ಟ್ರ್ಯಾಕ್ ಮಾಡಿ, ಅದರ ರೂಟ್ ಗುಂಡಿ ಒತ್ತಿ, ಮಾಸ್ಟರ್ ಸೆಂಡ್‌ನ ಗುರುತು ತೆಗೆಯಿರಿ, ಹಾರ್ಡ್‌ವೇರ್ ಔಟ್‌ಪುಟ್ 3/4 ಸೇರಿಸಿ. ಮದ್ದಳೆ, ಚೆಂಡೆ ಟ್ರ್ಯಾಕ್‌ಗಳಿಂದ ಇದಕ್ಕೆ ಸೆಂಡ್ ಕೊಡಿ, ರೀತಿ ಪ್ರಿ-ಫೇಡರ್ (ಟ್ರ್ಯಾಕ್‌ನ ಸದ್ದು ಏರಿಳಿಸುವ ಫೇಡರ್‌ಗಿಂತ ಮೊದಲಿನದು) ಇರಲಿ. ಪೋಸ್ಟ್-ಫೇಡರ್ ಇಟ್ಟರೆ ನೀವು ಮಿಶ್ರಣ ನೋಡಲು ಫೇಡರ್ ಎಳೆದಾಗಲೆಲ್ಲ ಅವರ ಕಿವಿಯಲ್ಲೂ ಮದ್ದಳೆ ಏರಿಳಿಯುತ್ತದೆ. ಮಾಸ್ಟರ್ ಸೆಂಡ್ ತೆಗೆಯಲು ಮರೆತರೆ ಅದೇ ಮದ್ದಳೆ ಮಾಸ್ಟರ್‌ಗೆ ಎರಡು ದಾರಿಯಲ್ಲಿ ಸೇರಿ 6 ಡಿಬಿಯವರೆಗೂ ಏರುತ್ತದೆ. ಯಾವುದು ಎಲ್ಲಿಗೆ ಹೋಗುತ್ತಿದೆ ಎಂದು ಗೊಂದಲವಾದರೆ ಆಲ್ಟ್ ಮತ್ತು ಆರ್ ಒತ್ತಿ. ರೂಟಿಂಗ್ ಮ್ಯಾಟ್ರಿಕ್ಸ್‌ನಲ್ಲಿ ಎಲ್ಲ ಸಂಪರ್ಕ ಒಂದೇ ಹಾಳೆಯಲ್ಲಿ ಕಾಣುತ್ತದೆ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಬಯಲಾಟಕ್ಕೆ ಮೈಕ್ ಸೆಟ್‌ನವರ ಮಿಕ್ಸರ್‌ನ ‘ರೆಕ್ ಔಟ್’ನಿಂದ ಲ್ಯಾಪ್‌ಟಾಪ್‌ಗೆ ತಂತಿ ಎಳೆದು ರೆಕಾರ್ಡ್ ಮಾಡಿದೆವು. ಭಾಗವತರ ಪದ್ಯ ಚೆನ್ನಾಗಿದೆ, ಚೆಂಡೆ ಎಲ್ಲೋ ದೂರದಲ್ಲಿ ಕೇಳುತ್ತದೆ. ಜೊತೆಗೆ ಉದ್ದಕ್ಕೂ ‘ಗುಂಯ್’ ಎಂಬ ಸದ್ದು.
– ಓದುಗರು, ಕುಂಬಳೆ

ಉತ್ತರ: ಮೈಕ್ ಸೆಟ್‌ನವರ ತಪ್ಪಲ್ಲ. ಚೆಂಡೆ ತಾನೇ ಗದ್ದೆಯಾಚೆಗೆ ಕೇಳುವಾಗ ಅವರು ಅದನ್ನು ಸ್ಪೀಕರ್‌ಗೆ ಕೊಡುವುದು ಸ್ವಲ್ಪವೇ. ಎದುರು ಕುಳಿತವರ ಕಿವಿಯಲ್ಲಿ ರಂಗದ ಸದ್ದು, ಸ್ಪೀಕರ್‌ನ ಸದ್ದು ಎರಡೂ ಸೇರಿ ಹದವಾಗುತ್ತದೆ. ರೆಕ್ ಔಟ್‌ನಲ್ಲಿ ಬರುವುದು ಸ್ಪೀಕರ್‌ನ ಪಾಲು ಮಾತ್ರ.

ಎರಡು ದಾರಿಗಳಿವೆ. ಮಿಕ್ಸರ್‌ನ ಪ್ರತಿ ಚಾನೆಲ್‌ನಲ್ಲಿ ‘ಇನ್ಸರ್ಟ್’ ಎಂಬ ತೂತು ಇದ್ದರೆ ಅಲ್ಲಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ತರಬಹುದು. ಸಾಮಾನ್ಯವಾಗಿ ಅದು ಫೇಡರ್‌ಗಿಂತ ಮೊದಲಿನ ಸದ್ದು, ಅವರು ಫೇಡರ್ ಇಳಿಸಿದರೂ ನಿಮ್ಮ ಚೆಂಡೆ ಇಳಿಯುವುದಿಲ್ಲ. ಮಾಮೂಲಿ ಮೋನೊ ಜ್ಯಾಕನ್ನು ಮೊದಲ ‘ಕ್ಲಿಕ್’ವರೆಗೆ ಮಾತ್ರ ತೂರಿಸಿ ಕೆಲಸ ನಡೆಸುವವರಿದ್ದಾರೆ. ನಾವು ಹೇಳುವುದಿಲ್ಲ. ನಡುರಾತ್ರಿ ಯಾರದೋ ಕೈ ತಾಗಿ ಅದು ಪೂರ್ತಿ ಒಳಗೆ ಹೋದರೆ ಭಾಗವತರ ಮೈಕೇ ಬಂದ್. ಬದಲಿಗೆ, ಸ್ಟೀರಿಯೊ ಜ್ಯಾಕಿನ ತುದಿ ಮತ್ತು ಉಂಗುರ ಎರಡನ್ನೂ ಒಂದೇ ತಂತಿಗೆ ಬೆಸುಗೆ ಹಾಕಿಸಿ, ಪೂರ್ತಿ ತೂರಿಸಿ. ಸದ್ದು ನಿಮಗೂ ಬರುತ್ತದೆ, ಮಿಕ್ಸರ್‌ಗೂ ಹಿಂದಿರುಗುತ್ತದೆ. ಇದನ್ನೆಲ್ಲ ಆಟ ಶುರುವಾಗುವ ಮೊದಲು, ಮೈಕ್ ಸೆಟ್‌ನವರನ್ನು ಕೇಳಿಯೇ ಮಾಡಿ.

ಇನ್ಸರ್ಟ್ ಇಲ್ಲದಿದ್ದರೆ ರೆಕ್ ಔಟ್ ಜೊತೆಗೆ ಪ್ರೇಕ್ಷಕರ ಬದಿಯಲ್ಲಿ ಎರಡು ಮೈಕ್ ಇಡಿ. ಅವು ರಂಗಸ್ಥಳದಿಂದ 10 ಮೀಟರ್ ದೂರವಿದ್ದರೆ ಸದ್ದು ಅಲ್ಲಿಗೆ ತಲುಪಲು ಸುಮಾರು 29 ಮಿಲಿಸೆಕೆಂಡ್ ಬೇಕು. ಹಾಗೇ ಕೂಡಿಸಿದರೆ ಪದ್ಯ ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಜಾಗಟೆಯ ಒಂದು ಪೆಟ್ಟನ್ನು ಎರಡೂ ಟ್ರ್ಯಾಕ್‌ನಲ್ಲಿ ಹಿಗ್ಗಿಸಿ ನೋಡಿ, ದೂರದ ಮೈಕ್‌ನ ಟ್ರ್ಯಾಕನ್ನು ಅಷ್ಟು ಹಿಂದಕ್ಕೆಳೆದು ಹೊಂದಿಸಿ.

‘ಗುಂಯ್’ ಎಂಬುದು ಅರ್ತ್ ಲೂಪ್. ಮಿಕ್ಸರ್ ಒಂದು ಕಡೆಯ ಕರೆಂಟ್, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಕಡೆಯದು; ಎರಡರ ಅರ್ತ್ ನಡುವಿನ ಸಣ್ಣ ವ್ಯತ್ಯಾಸ ನಿಮ್ಮ ಆಡಿಯೊ ತಂತಿಯಲ್ಲಿ ಹರಿದು 50 ಮತ್ತು 100 ಹರ್ಟ್ಸ್ ಸದ್ದಾಗುತ್ತದೆ. ಚಾರ್ಜರ್ ಕಿತ್ತಾಗ ನಿಂತರೆ ಕಾರಣ ಅದೇ ಎಂದು ಖಾತ್ರಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಅಥವಾ ಲೈನ್ ಐಸೊಲೇಟರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ. ಮಂಜು ಬಿದ್ದ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೈಕ್ ಮುಟ್ಟುವವರ ಜೀವ ಅದರ ಮೇಲಿದೆ.

ಪ್ರಶ್ನೆ: ಮುಂಬೈಯಲ್ಲಿರುವ ಒಬ್ಬ ಅರ್ಥಧಾರಿಯನ್ನು ವಿಡಿಯೊ ಕಾಲ್ ಮೂಲಕ ನಮ್ಮ ಕೂಟಕ್ಕೆ ಸೇರಿಸಿಕೊಳ್ಳುತ್ತೇವೆ. ಅವರ ಮಾತು ಅವರಿಗೇ ತಿರುಗಿ ಕೇಳುತ್ತದಂತೆ. ಇಲ್ಲಿಯ ಮದ್ದಳೆ ಅವರಿಗೆ ಕೇಳುವುದೇ ಇಲ್ಲವಂತೆ.
– ಓದುಗರು, ಮಂಜೇಶ್ವರ

ಉತ್ತರ: ಕಾಲ್‌ಗೆ ಬೇರೊಂದು ಲ್ಯಾಪ್‌ಟಾಪ್, ಅದಕ್ಕೊಂದು ಎರಡು ಇನ್‌ಪುಟ್‌ನ ಸಣ್ಣ ಇಂಟರ್‌ಫೇಸ್ ಇಡಿ. ಒಂದೇ ಯಂತ್ರದಲ್ಲಿ ವರ್ಚುವಲ್ ಕೇಬಲ್ ಸಾಫ್ಟ್‌ವೇರ್‌ಗಳಿಂದಲೂ ಮಾಡಬಹುದು, ಆದರೆ ಎಎಸ್‌ಐಒದಲ್ಲಿ ರೀಪರ್ ಒಂದು ಸಲಕ್ಕೆ ಒಂದೇ ಸಾಧನವನ್ನು ತೆರೆಯುವುದರಿಂದ ತೊಡಕು ಹೆಚ್ಚು.

ಸಣ್ಣ ಇಂಟರ್‌ಫೇಸ್‌ನ ಔಟ್‌ಪುಟ್ ನಿಮ್ಮ ದೊಡ್ಡದರ 8ನೇ ಲೈನ್ ಇನ್‌ಪುಟ್‌ಗೆ ಬರಲಿ: ಅದು ಮುಂಬೈಯವರ ಸ್ವರ. ದೊಡ್ಡದರ 3ನೇ ಔಟ್‌ಪುಟ್ ಸಣ್ಣದರ ಲೈನ್ ಇನ್‌ಪುಟ್‌ಗೆ ಹೋಗಲಿ: ಅದು ಮುಂಬೈಗೆ ಹೋಗುವ ಸದ್ದು. ಇಂಟರ್‌ಫೇಸ್ ಜೊತೆ ಬರುವ ಮಿಕ್ಸರ್ ಸಾಫ್ಟ್‌ವೇರ್‌ನಲ್ಲಿ 3ನೇ ಔಟ್‌ಪುಟ್‌ನ ಮಿಶ್ರಣ ತೆರೆದು 1ರಿಂದ 7 ಏರಿಸಿ, 8ನ್ನು ಪೂರ್ತಿ ಮುಚ್ಚಿ. ಎಲ್ಲರ ಸದ್ದೂ ಅವರಿಗೆ ಹೋಗಬೇಕು, ಅವರದು ಮಾತ್ರ ಹೋಗಬಾರದು. ಇದನ್ನು ರೀಪರ್‌ನ ಸೆಂಡ್‌ಗಳಲ್ಲೂ ಕಟ್ಟಬಹುದು, ಆದರೆ ಅದಕ್ಕೆ ಮಾನಿಟರಿಂಗ್ ಆನ್ ಇಡಬೇಕು; ಬದಿಯಡ್ಕದವರ ತೊಂದರೆ ನಿಮಗೂ ಬರುತ್ತದೆ.

ಅಷ್ಟು ಮಾಡಿಯೂ ಪ್ರತಿಧ್ವನಿ ಉಳಿದರೆ ಚಾವಡಿಯ ಸ್ಪೀಕರ್ ನೋಡಿ. ಅದರಿಂದ ಬರುವ ಮುಂಬೈ ಸ್ವರವನ್ನು ಇಲ್ಲಿನ ಮೈಕ್‌ಗಳು ಹಿಡಿದು ವಾಪಸು ಕಳಿಸುತ್ತಿವೆ. ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್‌ಗಳ ಬೆನ್ನು ಸ್ಪೀಕರ್ ಕಡೆಗಿರಲಿ, ಸದ್ದು ತಗ್ಗಿಸಿ. ಎದುರು ಅರ್ಥ ಹೇಳುವವರು ಒಂದು ಕಿವಿಗೆ ಇಯರ್‌ಫೋನ್ ಇಟ್ಟರೆ ಇನ್ನೂ ಒಳ್ಳೆಯದು. ಮದ್ದಳೆ ಮಾಯವಾಗಲು ಕಾಲ್ ಆ್ಯಪ್‌ನ ಗದ್ದಲ ಅಳಿಸುವ ವ್ಯವಸ್ಥೆ ಕಾರಣ, ಅದು ಮಾತಲ್ಲದ್ದನ್ನೆಲ್ಲ ಗದ್ದಲವೆಂದು ಎಣಿಸುತ್ತದೆ. ಜೂಮ್‌ನಲ್ಲಾದರೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆನ್ ಮಾಡಿ. ಅರ್ಥಗಾರಿಕೆಗೆ ಜಾಲದ ವಿಳಂಬ ಅಡ್ಡಿಯಾಗದು, ಪದ್ಯವನ್ನೋ ತಾಳವನ್ನೋ ಎರಡೂ ಕಡೆಯಿಂದ ಕೂಡಿ ನುಡಿಸಲು ಹೋಗಬೇಡಿ. ಅವರು ತಮ್ಮ ಸ್ವರವನ್ನು ಅಲ್ಲೇ ಒಳ್ಳೆಯ ಮೈಕ್‌ನಲ್ಲಿ ಬೇರೆ ರೆಕಾರ್ಡ್ ಮಾಡಿ ಆಮೇಲೆ ಕಳಿಸಿದರೆ ಕಾಲ್‌ನ ಸ್ವರದ ಜಾಗದಲ್ಲಿ ಅದನ್ನೇ ಕೂಡಿಸಬಹುದು. ಆರಂಭದಲ್ಲಿ ಒಂದು, ಕೊನೆಯಲ್ಲಿ ಒಂದು ಚಪ್ಪಾಳೆ ತಟ್ಟಲು ಹೇಳಿ, ಹೊಂದಿಸಲು ಬೇಕಾಗುತ್ತದೆ.

ಪ್ರಶ್ನೆ: ಎರಡು ಯುಎಸ್‌ಬಿ ಮೈಕ್‌ಗಳನ್ನು ಎಎಸ್‌ಐಒ4ಆಲ್ (ಬೇರೆ ಬೇರೆ ಸಾಧನಗಳನ್ನು ಒಂದೇ ಎಂಬಂತೆ ತೋರಿಸುವ ಡ್ರೈವರ್) ಮೂಲಕ ಸೇರಿಸಿ ವಚನ ಗಾಯನಕ್ಕೆ ಒಂದು, ತಬಲಾಕ್ಕೆ ಒಂದು ಇಟ್ಟಿದ್ದೇವೆ. ಮೊದಲು ಸರಿಯಿರುತ್ತದೆ, ಅರ್ಧ ಗಂಟೆಯ ಹೊತ್ತಿಗೆ ತಬಲಾ ಜಾರಿರುತ್ತದೆ.
– ಓದುಗರು, ಅಕ್ಕಲಕೋಟೆ

ಉತ್ತರ: ಪ್ರತಿ ಯುಎಸ್‌ಬಿ ಮೈಕ್ ಒಳಗೂ ಅದರದೇ ಗಡಿಯಾರವಿದೆ. ಎರಡೂ 48,000 ಎಂದು ಹೇಳಿಕೊಂಡರೂ ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ. ಲಕ್ಷಕ್ಕೆ ಎರಡು ಸ್ಯಾಂಪಲ್ ವ್ಯತ್ಯಾಸವಿದ್ದರೆ ಗಂಟೆಗೆ 72 ಮಿಲಿಸೆಕೆಂಡ್, ಅರ್ಧ ಗಂಟೆಗೆ 36. ತಬಲಾದ ಪೆಟ್ಟಿನಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಎರಡು ಎಕ್ಸ್‌ಎಲ್‌ಆರ್ ಮೈಕ್, ಎರಡು ಇನ್‌ಪುಟ್‌ನ ಒಂದೇ ಇಂಟರ್‌ಫೇಸ್ ಎಂದರೆ ಗಡಿಯಾರವೂ ಒಂದೇ; ಇದೇ ಸರಿಯಾದ ಪರಿಹಾರ. ಮ್ಯಾಕ್ ಇರುವವರು ಆಡಿಯೊ ಮಿಡಿ ಸೆಟಪ್‌ನಲ್ಲಿ ಅಗ್ರಿಗೇಟ್ ಡಿವೈಸ್ ಮಾಡಿ, ಎರಡನೇ ಮೈಕ್‌ಗೆ ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಬಹುದು.

ಈಗಾಗಲೇ ಹಿಡಿದದ್ದನ್ನು ಉಳಿಸಿಕೊಳ್ಳಲು, ಆರಂಭದ ಪೆಟ್ಟನ್ನು ಹೊಂದಿಸಿ, ಆಲ್ಟ್ ಒತ್ತಿ ಹಿಡಿದು ತಬಲಾ ತುಣುಕಿನ ಬಲ ಅಂಚನ್ನು ಕೊನೆಯ ಪೆಟ್ಟು ಹೊಂದುವಷ್ಟು ಎಳೆಯಿರಿ ಅಥವಾ ಕುಗ್ಗಿಸಿ. ತುಣುಕಿನ ಗುಣಲಕ್ಷಣಗಳಲ್ಲಿ (ಎಫ್2) ‘ಪ್ರಿಸರ್ವ್ ಪಿಚ್’ ಗುರುತು ತೆಗೆದಿರಿ. ಇಷ್ಟು ಸಣ್ಣ ಬದಲಾವಣೆಯಿಂದ ಶ್ರುತಿ ಕೆಡುವುದು ಯಾವ ಕಿವಿಗೂ ತಿಳಿಯದು. ಆ ಗುರುತು ಉಳಿದರೆ ತಬಲಾದ ಬಾಯಿಯ ಚುರುಕು ಮಂಕಾಗುತ್ತದೆ.