ಫೋಟೊ ಸಾಲದು, ಕಲ್ಲು ಎಲ್ಲಿ ಸಿಕ್ಕಿತು ಹೇಳಿ

ಬಳ್ಳಾರಿಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಭೂವಿಜ್ಞಾನ ಹೇಳಿಕೊಟ್ಟವನು ನಾನು. ಈ ಸಲ ತುಂಗಭದ್ರೆಯ ಮರಳಿನ ಬಗ್ಗೆ ಬರೆಯಬೇಕು ಅಂತಿದ್ದೆ. ಪತ್ರಗಳನ್ನು ಬಿಚ್ಚಿ ನೋಡಿದರೆ ಮತ್ತೆ ಅದೇ ಹಸಿರು ಕಲ್ಲು. ಹೋದ ಸಲವೂ ಅದೇ, ಅದರ ಹಿಂದಿನ ಸಲವೂ ಅದೇ. ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಕೇಳುವ ಹೊತ್ತಿಗೆ ಕೆಲವರು ದುಡ್ಡು ಕಳೆದುಕೊಂಡಿರುತ್ತಾರೆ, ಒಬ್ಬಿಬ್ಬರು ಆರೋಗ್ಯವನ್ನೂ ಕೆಡಿಸಿಕೊಂಡಿದ್ದಾರೆ. ಅದನ್ನು ನೋಡಿ ಸಂಕಟ ಆಗುತ್ತದೆ. ಹಾಗಾಗಿ ಈ ವಾರ ಪೂರ್ತಿ ಇದಕ್ಕೇ.

ಪ್ರಶ್ನೆ: ಸಂಡೂರಿನ ಹತ್ತಿರ ಹಳ್ಳದಲ್ಲಿ ಹಸಿರು ಪದರ ಹತ್ತಿದ ಕಲ್ಲು ಸಿಕ್ಕಿದೆ. ಮೊಬೈಲ್ ಆ್ಯಪ್‌ಗೆ ಫೋಟೊ ಹಾಕಿದರೆ ‘ವೋಲ್ಬೋರ್ಥೈಟ್, ಬಹಳ ಅಪರೂಪ’ ಅಂತ ಬಂತು. ಪರಿಚಯದವರೊಬ್ಬರು 15 ಸಾವಿರ ಕೊಟ್ಟರೆ ಸರ್ಟಿಫಿಕೇಟ್ ಮಾಡಿಸಿ ಹೊರದೇಶಕ್ಕೆ ಮಾರಿಸಿಕೊಡುತ್ತೇನೆ ಅನ್ನುತ್ತಾರೆ. ಏನು ಮಾಡಲಿ ಸರ್?

ಮೊದಲನೇ ಮಾತು, ಆ 15 ಸಾವಿರ ಕೊಡಬೇಡಿ. ಕೊಂಡುಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು. ಆ ಮನುಷ್ಯ ನಿಮ್ಮ ಕಲ್ಲು ನೋಡಿ ಬಂದಿಲ್ಲ, ನಿಮ್ಮ ಆಸೆ ನೋಡಿ ಬಂದಿದ್ದಾನೆ.

ಇನ್ನು ಕಲ್ಲಿನ ಮಾತು. ವೋಲ್ಬೋರ್ಥೈಟ್ ಅಂದರೆ ತಾಮ್ರ ಮತ್ತು ವನಾಡಿಯಂ ಎಂಬ ಇನ್ನೊಂದು ಲೋಹ ಸೇರಿ ಆದ ಖನಿಜ. ಅದರಲ್ಲಿ ನೀರೂ ಇದೆ. ಮೂರು ತಾಮ್ರದ ಪರಮಾಣುಗಳಿಗೆ ಎರಡು ವನಾಡಿಯಂ. ತೂಕದ ಲೆಕ್ಕದಲ್ಲಿ ನೂರು ಗ್ರಾಮಿಗೆ ಸುಮಾರು 40 ಗ್ರಾಂ ತಾಮ್ರ, 21 ಗ್ರಾಂ ವನಾಡಿಯಂ. ರಷ್ಯಾದ ಉರಲ್ ಬೆಟ್ಟಗಳ ಕಡೆಯಿಂದ ಬಂದ ಈ ಖನಿಜವನ್ನು 1838ರಲ್ಲಿ ಹೆಸ್ ಎಂಬ ರಸಾಯನವಿಜ್ಞಾನಿ ಲೋಕಕ್ಕೆ ತಿಳಿಸಿದರು. ಪಿಯುಸಿಯಲ್ಲಿ ಹೆಸ್ಸನ ನಿಯಮ ಓದಿದ್ದೀರಲ್ಲ, ಅದೇ ಹೆಸ್. ಪಳೆಯುಳಿಕೆಗಳ ಅಧ್ಯಯನ ಮಾಡುತ್ತಿದ್ದ ಅಲೆಕ್ಸಾಂಡರ್ ಫಾನ್ ವೋಲ್ಬೋರ್ತ್ ಅವರ ಹೆಸರನ್ನು ಅದಕ್ಕಿಟ್ಟರು.

ಒಂದು ಸಲ ಇದನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಕಡೆಯಿಂದ ಬಂದ ಮರಳುಗಲ್ಲು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಬರಿಗಣ್ಣಿಗೆ ಬರೀ ಪಾಚಿ ಹತ್ತಿದ ಹಾಗೆ ಕಂಡಿತು. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದಾಗ ಗೊತ್ತಾಯಿತು, ಪಾಚಿಯಲ್ಲ, ಹೂವು. ಮೀನಿನ ಹುರುಪೆಗಿಂತ ತೆಳ್ಳಗಿನ ಎಸಳುಗಳು ಒಂದರ ಮೇಲೊಂದು ಸೇರಿ ಪುಟ್ಟ ಪುಟ್ಟ ಗುಲಾಬಿಗಳಂತೆ ಕೂತಿದ್ದವು. ಬಣ್ಣ ಎಳೆ ಹುಣಸೆ ಎಲೆಯ ಹಸಿರಿಗೆ ಸ್ವಲ್ಪ ಹಳದಿ ಬೆರೆಸಿದ ಹಾಗೆ. ಉಸಿರು ಜೋರಾಗಿ ಬಿಟ್ಟರೆ ಎಸಳು ಹಾರಿಹೋಗುತ್ತವೆ ಅಂತ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ನೋಡಿದ್ದೆವು.

ಅಷ್ಟು ಸಣ್ಣದು ಅದು. ನಿಮ್ಮ ಫೋಟೊದಲ್ಲಿ ಅಂಗೈ ಅಗಲದ ಹಸಿರು ಇದೆ. ಆ್ಯಪ್‌ಗೆ ಕಾಣುವುದು ಬಣ್ಣ ಒಂದೇ. ಬಣ್ಣ ನಂಬಿ ಖನಿಜಕ್ಕೆ ಹೆಸರಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ತಪ್ಪುತ್ತೀರಿ. ಹಸಿರಂತೂ ಎಲ್ಲಕ್ಕಿಂತ ಮೋಸದ ಬಣ್ಣ. ತಾಮ್ರ ಹಸಿರು ಕೊಡುತ್ತದೆ, ಕಬ್ಬಿಣ ಹಸಿರು ಕೊಡುತ್ತದೆ, ಕ್ರೋಮಿಯಂ ಕೊಡುತ್ತದೆ, ನಿಕಲ್ ಕೊಡುತ್ತದೆ. ವೋಲ್ಬೋರ್ಥೈಟಿನ ಹಸಿರೂ ವನಾಡಿಯಂನಿಂದ ಬಂದದ್ದಲ್ಲ, ತಾಮ್ರದಿಂದಲೇ ಬಂದದ್ದು. ನಿಮ್ಮ ಮನೆಯ ತಾಮ್ರದ ಬಿಂದಿಗೆಗೆ ಕಟ್ಟುವ ಕಿಲುಬು ಹಸಿರಾಗಿರುವುದೂ ಅದೇ ಕಾರಣಕ್ಕೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 1801ರಲ್ಲಿ ಮೆಕ್ಸಿಕೊದಲ್ಲಿ ಆಂಡ್ರೆಸ್ ಮಾನುಯೆಲ್ ದೆಲ್ ರಿಯೊ ಎಂಬ ಖನಿಜವಿಜ್ಞಾನಿ ಒಂದು ಸೀಸದ ಅದಿರಿನಲ್ಲಿ ಹೊಸ ಧಾತು ಕಂಡರು. ಅದರ ಲವಣಗಳು ಬಗೆಬಗೆಯ ಬಣ್ಣ ಕೊಟ್ಟವು. ಪ್ಯಾರಿಸ್ಸಿನ ರಸಾಯನವಿಜ್ಞಾನಿಯೊಬ್ಬರು ಪರೀಕ್ಷೆ ಮಾಡಿ ಇದು ಹೊಸದಲ್ಲ, ಕ್ರೋಮಿಯಂ ಅಂದುಬಿಟ್ಟರು. ಪಾಪ, ದೆಲ್ ರಿಯೊ ತಮ್ಮ ಮಾತನ್ನೇ ಹಿಂದೆ ತೆಗೆದುಕೊಂಡರು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಅದೇ ಧಾತುವನ್ನು ಕಬ್ಬಿಣದಲ್ಲಿ ಮತ್ತೆ ಕಂಡುಹಿಡಿದು ವನಾಡಿಯಂ ಅಂತ ಹೆಸರಿಟ್ಟರು. ಎರಡೂ ಒಂದೇ ಅಂತ ಆಮೇಲೆ ಜರ್ಮನಿಯ ರಸಾಯನವಿಜ್ಞಾನಿ ವೋಲರ್ ತೋರಿಸಿಕೊಟ್ಟರು. ಪ್ರಯೋಗಾಲಯ ಇಟ್ಟುಕೊಂಡವರಿಗೇ ಹೀಗಾದರೆ, ಮೊಬೈಲ್ ಕ್ಯಾಮೆರಾ ನಂಬಿ 15 ಸಾವಿರ ಕೊಡುವುದು ಹೇಗೆ?

ಹಾಗಾದರೆ ಸಂಡೂರಿನಲ್ಲಿ ಅದು ಸಿಗುವುದೇ ಇಲ್ವಾ? ಸಿಗುವುದು ಯಾಕೆ ಕಷ್ಟ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಓದಿ. ಈ ಖನಿಜ ಭೂಮಿಯ ಆಳದಲ್ಲಿ ಆಗುವಂಥದ್ದಲ್ಲ. ತಾಮ್ರದ ಅದಿರು ನೆಲದ ಮೇಲ್ಭಾಗದಲ್ಲಿ ಗಾಳಿ, ನೀರು ತಾಗಿ ಕರಗುತ್ತಿರಬೇಕು. ಅದೇ ಜಾಗಕ್ಕೆ ವನಾಡಿಯಂ ಹೊತ್ತ ನೀರು ಬರಬೇಕು. ಆ ವನಾಡಿಯಂ ಪೂರ್ತಿ ಆಕ್ಸಿಜನ್ ಹಿಡಿದುಕೊಂಡ ರೂಪದಲ್ಲಿರಬೇಕು, ಆಗಲೇ ಅದು ನೀರಿನಲ್ಲಿ ಸುಲಭವಾಗಿ ಹರಿಯುವುದು. ಎರಡೂ ಸೇರಿದ ಮೇಲೆ ಜೋರು ಮಳೆ ಬಂದು ಎಲ್ಲವನ್ನೂ ತೊಳೆದುಕೊಂಡು ಹೋಗಬಾರದು. ಕೊಲರಾಡೊ ಕಡೆಯ ಒಣ ಮರಳುಗಲ್ಲಿನ ಸೀಮೆಯಲ್ಲಿ ಇಷ್ಟೂ ಕೂಡಿಬಂದಿದೆ. ಮೆಕ್ಸಿಕೊದ ಮಿಲ್ಪಿಯಾಸ್ ತಾಮ್ರದ ಗಣಿಯಲ್ಲೂ ಚಂದದ ಹರಳುಗಳು ಸಿಕ್ಕಿವೆ.

ಸಂಡೂರಿನ ಗುಡ್ಡಗಳ ಮುಖ್ಯ ಸರಕು ಕಬ್ಬಿಣ ಮತ್ತು ಮ್ಯಾಂಗನೀಸ್. ಕೈಗೆ, ಬಟ್ಟೆಗೆ ಹತ್ತಿದರೆ ಬಿಡದ ಆ ಕೆಂಪು ಧೂಳು ಇದೆಯಲ್ಲ, ಅದು ಕಬ್ಬಿಣದ ಆಕ್ಸೈಡ್. ನೀರಿನಲ್ಲಿ ಚೂರುಪಾರು ವನಾಡಿಯಂ ಬಂದರೂ ಈ ಕೆಂಪು ಮಣ್ಣು ಅದನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ತಾಮ್ರದ ಹತ್ತಿರ ಹೋಗುವುದಕ್ಕೆ ಬಿಡುವುದಿಲ್ಲ. ನಮ್ಮ ರಾಜ್ಯದಲ್ಲಿ ವನಾಡಿಯಂ ಇದೆ. ಚನ್ನಗಿರಿ ಕಡೆಯ ಮಸಣಿಕೆರೆ, ಉಬ್ರಾಣಿಯ ಮ್ಯಾಗ್ನೆಟೈಟ್ ಅದಿರಿನಲ್ಲಿದೆ. ಆದರೆ ಅಲ್ಲಿ ಅದು ಕಬ್ಬಿಣ, ಟೈಟಾನಿಯಂ ಜೊತೆ ಅದಿರಿನೊಳಗೇ ಬಂಧಿಯಾಗಿದೆ. ರಾಯಚೂರು ಜಿಲ್ಲೆಯ ಕಲ್ಲೂರಿನ ಕಡೆ ತಾಮ್ರ ಇದೆ, ಹಟ್ಟಿಯ ಚಿನ್ನದ ಅದಿರಿನಲ್ಲೂ ಸ್ವಲ್ಪ ತಾಮ್ರ ಇದೆ. ತಾಮ್ರ ಒಂದು ಕಡೆ, ವನಾಡಿಯಂ ಇನ್ನೊಂದು ಕಡೆ. ಅದಕ್ಕೇ ‘ಎಲ್ಲಿ ಸಿಕ್ಕಿತು, ಪಕ್ಕದಲ್ಲಿ ಯಾವ ಕಲ್ಲಿತ್ತು’ ಅಂತ ನಾನು ಪದೇ ಪದೇ ಕೇಳುವುದು. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಈಗ ನಿಮ್ಮ ಕಲ್ಲು ಕೈಗೆ ತೆಗೆದುಕೊಳ್ಳಿ. ಹಸಿರು ಜಾಗದ ಮೇಲೆ ಚಾಕುವಿನ ಮೊನೆಯಿಂದ ಗೀರಿ. ಕುಷ್ಟಗಿಯ ರೈತರೊಬ್ಬರು ಟವೆಲ್‌ನಲ್ಲಿ ಸುತ್ತಿಕೊಂಡು ಕಲ್ಲು ತಂದಿದ್ದರು. ಗೀರಿದರೆ ಕಲ್ಲಿಗೆ ಏನೂ ಆಗಲಿಲ್ಲ, ಚಾಕುವಿನ ಉಕ್ಕೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಬಿತ್ತು. ಅದು ಎಪಿಡೋಟ್. ಕೊಪ್ಪಳ, ಹಂಪಿ ಕಡೆಯ ಗ್ರಾನೈಟ್ ಬಂಡೆಗಳ ಬಿರುಕಿನಲ್ಲಿ ಪಿಸ್ತಾ ಬಣ್ಣದ ಪಟ್ಟಿ ಕಾಣುತ್ತದಲ್ಲ, ಅದೇ. ಉಗುರಿಗೇ ಗೀರು ಬಿದ್ದು, ಜಿಡ್ಡಿನ ಹಾಗೆ ಅನ್ನಿಸಿದರೆ ಕ್ಲೋರೈಟ್. ಮಿಂಚುವ ಹಸಿರು ತಗಡಿನ ಹಾಗೆ ಪದರ ಪದರ ಎದ್ದರೆ ಕ್ರೋಮಿಯಂ ಇರುವ ಕಾಗೆಬಂಗಾರ, ಅಂದರೆ ಫುಕ್ಸೈಟ್. ಅಂಚು ನುಣ್ಣಗಾಗಿ, ಒಳಗೆ ಗಾಳಿಗುಳ್ಳೆ ಕಂಡರೆ ಗೋಲಿ ಸೋಡಾ ಬಾಟಲಿಯ ಚೂರು. ಹಳ್ಳದಲ್ಲಿ ಉರುಳಿ ಉರುಳಿ ಹಾಗಾಗಿರುತ್ತದೆ.

ಚಾಕುವಿಗೆ ಸುಲಭವಾಗಿ ಗೀರು ಬಿದ್ದು ಹಸಿರು ಪುಡಿ ಬಂದರೆ ತಾಮ್ರದ ಖನಿಜ ಇರಬಹುದು. ಹೆಚ್ಚಿನಂಶ ಮಲಾಕೈಟ್. ಅದರ ಪುಡಿಗೆ ನೀರು ಬೆರೆಸಿದ ಆಸಿಡ್ ಒಂದು ಹನಿ ಬಿಟ್ಟರೆ ಸೋಡಾದಂತೆ ನೊರೆ ಬರುತ್ತದೆ. ವೋಲ್ಬೋರ್ಥೈಟಿಗೆ ನೊರೆ ಬರುವುದಿಲ್ಲ. ಆದರೆ ನೊರೆ ಬರದ ಹಸಿರು ತಾಮ್ರದ ಖನಿಜಗಳು ಇನ್ನೂ ಬೇಕಾದಷ್ಟಿವೆ. ಹಾಗಾಗಿ ನೊರೆ ಬರಲಿಲ್ಲ ಅಂತ ಖುಷಿಪಡಬೇಡಿ. ಬಚ್ಚಲು ತೊಳೆಯುವ ಆಸಿಡ್ ತಂದು ಮನೆಯಲ್ಲಿ ಇದನ್ನು ಮಾಡಲೇಬೇಡಿ. ನನ್ನ ವಿದ್ಯಾರ್ಥಿಯೊಬ್ಬನ ಕಣ್ಣು ಸ್ವಲ್ಪದರಲ್ಲಿ ಉಳಿದಿದೆ. ಆ ದಿನದಿಂದ ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಕೊನೆಗೆ ಖಾತ್ರಿ ಆಗಬೇಕು ಅಂದರೆ ಯಂತ್ರವೇ ಬೇಕು. ಒಡವೆ ಅಂಗಡಿಯಲ್ಲಿ ಚಿನ್ನ ನೋಡುವ ಎಕ್ಸ್-ರೇ ಯಂತ್ರದ ಜಾತಿಯದೇ ಒಂದು ಉಪಕರಣದಿಂದ ಕಲ್ಲಿನಲ್ಲಿ ಯಾವ ಧಾತುಗಳಿವೆ ಅಂತ ತಿಳಿಯುತ್ತದೆ. ತಾಮ್ರ, ವನಾಡಿಯಂ ಎರಡೂ ತೋರಿಸಿತು ಅನ್ನಿ. ಆಗಲೂ ಕೆಲಸ ಮುಗಿಯಲಿಲ್ಲ. ಜೊತೆಗೆ ಸೀಸ ಇದ್ದರೆ ಅದು ಮೋಟ್ರಮೈಟ್, ಕ್ಯಾಲ್ಸಿಯಂ ಇದ್ದರೆ ಟಾಂಗೈಟ್, ಬೇರಿಯಂ ಇದ್ದರೆ ವೆಸಿನ್ಯೇಯೈಟ್ ಆಗಿರಬಹುದು. ಎಲ್ಲವೂ ಹಸಿರೇ, ಎಲ್ಲವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ನೋಡಿದ ಮೇಲೆಯೇ ಹೆಸರು. ಭೂವಿಜ್ಞಾನ ವಿಭಾಗ ಇರುವ ವಿಶ್ವವಿದ್ಯಾಲಯಕ್ಕೆ ಹೋಗಿ ಕೇಳಿ. ಕಡಲೆಕಾಳಿನಷ್ಟು ಚೂರು ಸಾಕು.

ಆ ಜೋಡಣೆಯ ಬಗ್ಗೆ ಒಂದು ಮಾತು ಹೇಳದೆ ನನಗೆ ಮನಸ್ಸು ತಡೆಯುವುದಿಲ್ಲ. ಮೇದಾರರು ಕೋಳಿ ಮುಚ್ಚುವ ಬುಟ್ಟಿಯನ್ನು ಆರು ಮೂಲೆಯ ಕಿಂಡಿ ಬಿಟ್ಟು ಹೆಣೆಯುತ್ತಾರೆ, ನೋಡಿದ್ದೀರಾ? ಕಿಂಡಿಯ ಸುತ್ತ ಸಣ್ಣ ಸಣ್ಣ ತ್ರಿಕೋನ. ವೋಲ್ಬೋರ್ಥೈಟಿನೊಳಗೆ ತಾಮ್ರದ ಪರಮಾಣುಗಳು ಹೆಚ್ಚುಕಡಿಮೆ ಅದೇ ಹೆಣಿಗೆಯಲ್ಲಿವೆ. ಒಂದೊಂದು ತಾಮ್ರವೂ ಒಂದು ಪುಟ್ಟ ಅಯಸ್ಕಾಂತ. ಪಕ್ಕದವನು ಉತ್ತರಕ್ಕೆ ಮುಖ ಮಾಡಿದರೆ ತಾನು ದಕ್ಷಿಣಕ್ಕೆ ಮಾಡಬೇಕು ಅನ್ನುವ ಸ್ವಭಾವ. ಇಬ್ಬರಿದ್ದರೆ ಸರಿ. ತ್ರಿಕೋನದ ಮೂರನೆಯವನು ಯಾವ ಕಡೆ ತಿರುಗಬೇಕು? ಈ ಪೇಚಾಟ ಏನಾಗುತ್ತದೆ ಅಂತ ನೋಡಲು 2001ರಲ್ಲಿ ಜಪಾನಿನ ಭೌತವಿಜ್ಞಾನಿಗಳು ಇದರ ಅಧ್ಯಯನ ಮಾಡಿದರು. ಇವತ್ತಿಗೂ ಅದರ ಮೇಲೆ ಕೆಲಸ ನಡೆಯುತ್ತಿದೆ. ಅವರು ಪ್ರಯೋಗಾಲಯದಲ್ಲೇ ಹರಳು ಬೆಳೆಸಿಕೊಳ್ಳುತ್ತಾರೆ. ನಿಮ್ಮ ಹಳ್ಳದ ಕಲ್ಲಿಗಾಗಿ ಯಾವ ವಿಜ್ಞಾನಿಯೂ ಲಕ್ಷಗಟ್ಟಲೆ ಹಿಡಿದು ಕಾಯುತ್ತಿಲ್ಲ.

ಅಪರೂಪ ಅಂದರೆ ದುಬಾರಿ ಅಂತ ಅರ್ಥ ಅಲ್ಲ. ಸಂಗ್ರಹ ಮಾಡುವವರು ಹರಳಿನ ಚೆಂದ ನೋಡಿ, ಅದು ಬಂದ ಗಣಿಯ ಹೆಸರು ನೋಡಿ ಬೆಲೆ ಕಟ್ಟುತ್ತಾರೆ. ಇದು ರತ್ನ ಅಲ್ಲ, ಅದಿರಾಗುವಷ್ಟು ರಾಶಿಯಾಗಿ ಸಿಗುವುದೂ ಕಷ್ಟ. ಇನ್ನೊಂದು, ಕಾಡಿನ ಜಾಗದಿಂದ, ಗಣಿಯ ಜಾಗದಿಂದ ಅನುಮತಿ ಇಲ್ಲದೆ ಕಲ್ಲು ಎತ್ತಿಕೊಂಡು ಬರಬೇಡಿ. ಹಳೇ ಗಣಿಯ ಮಣ್ಣಿನ ರಾಶಿ ಹತ್ತುವುದಂತೂ ಬೇಡವೇ ಬೇಡ, ಮಳೆ ಬಿದ್ದ ಮೇಲೆ ಅದು ಯಾವಾಗ ಜಾರುತ್ತದೆ ಹೇಳಲಿಕ್ಕಾಗದು.

ಪ್ರಶ್ನೆ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆ. ಸಂತೆಯಲ್ಲಿ ಒಬ್ಬರು ‘ವನಾಡಿಯಂ ಕಲ್ಲಿನ ಭಸ್ಮ’ ಅಂತ ಹಸಿರು ಪುಡಿ ಕೊಟ್ಟಿದ್ದಾರೆ. ಕೊಡಬಹುದಾ? — ಸಿಂಧನೂರು

ಕೊಡಬೇಡಿ. ಇದನ್ನು ಓದಿದ ತಕ್ಷಣ ಆ ಪೊಟ್ಟಣ ತೆಗೆದಿಡಿ. ಈಗಾಗಲೇ ಕೊಟ್ಟಿದ್ದರೆ ಪೊಟ್ಟಣದ ಸಮೇತ ತಾಯಿಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈ ಕಳ್ಳ ವೈದ್ಯರು ಅರ್ಧ ಸತ್ಯ ಹಿಡಿದುಕೊಂಡು ಬರುತ್ತಾರೆ. ಸಕ್ಕರೆ ಕಾಯಿಲೆ ಇರುವ ಇಲಿಗಳಿಗೆ ವನಾಡಿಯಂ ಲವಣ ಕೊಟ್ಟಾಗ ಸಕ್ಕರೆ ಇಳಿಯಿತು ಅಂತ 1985ರಲ್ಲಿ ಪ್ರಕಟವಾಗಿದ್ದು ನಿಜ. ಆಮೇಲೆ ಕೆಲವು ಮನುಷ್ಯರ ಮೇಲೂ ನೋಡಿದರು. ವಾಕರಿಕೆ, ಹೊಟ್ಟೆ ನೋವು, ಭೇದಿ ಶುರುವಾಯಿತು. ಅದು ಸಕ್ಕರೆ ಕಾಯಿಲೆಯ ಔಷಧಿಯಾಗಿ ಬಳಕೆಗೆ ಬರಲೇ ಇಲ್ಲ. ವನಾಡಿಯಂ ಧೂಳಿನಲ್ಲಿ ಕೆಲಸ ಮಾಡುವ ಕಾರ್ಮಿಕರ ನಾಲಿಗೆ ಹಸಿರಾಗುತ್ತದೆ, ಕೆಮ್ಮು ಹಿಡಿಯುತ್ತದೆ. ಇದು ಹಳೇ ಅನುಭವ. ಸಂತೆಯ ಪುಡಿಯಲ್ಲಿ ವನಾಡಿಯಂ ಇದೆಯೋ, ಮೈಲುತುತ್ತ ಇದೆಯೋ, ಅದೂ ಗೊತ್ತಿಲ್ಲ. ತಾಮ್ರದ ಅದಿರಿನ ಪುಡಿಯಾಗಿದ್ದರೆ ಜೊತೆಗೆ ಆರ್ಸೆನಿಕ್ ಬರುವ ಭಯ ಬೇರೆ. ಹಟ್ಟಿ ಕಡೆಯ ಅದಿರಿನಲ್ಲಿ ಆರ್ಸೆನಿಕ್ ಖನಿಜ ಇದ್ದೇ ಇದೆ. ತಾಯಿಯ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ: ವೋಲ್ಬೋರ್ಥೈಟನ್ನು ಬುಧನ ಕಲ್ಲು ಅಂತ ಉಂಗುರಕ್ಕೆ ಹಾಕಿಸಬಹುದಾ? — ಗಂಗಾವತಿ

ಎಸಳಿನಂತೆ ಒಡೆಯುವ, ಚಾಕುವಿಗೆ ಪುಡಿಯಾಗುವ ಖನಿಜ ಉಂಗುರದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಪ್ರಶ್ನೆ: ಹಸಿರು ಕಲ್ಲೆಲ್ಲ ಪಚ್ಚೆಯೇ? — ಮಾನ್ವಿ

ಅಲ್ಲ. ಹೋದ ವರ್ಷವೂ ಹೇಳಿದ್ದೆ.

ಪ್ರಶ್ನೆ: ಇದರಲ್ಲಿ ತಾಮ್ರ ಇದ್ದರೆ ದಾಳಿಂಬೆಗೆ ಮೈಲುತುತ್ತದ ಬದಲು ಪುಡಿ ಮಾಡಿ ಹೊಡೆಯಬಹುದಾ? — ಯಲಬುರ್ಗಾ

ಬೇಡ. ಮೈಲುತುತ್ತ ನೀರಿನಲ್ಲಿ ಕರಗುತ್ತದೆ, ಇದು ಹಾಗೆ ಕರಗುವುದಿಲ್ಲ.

ಪ್ರಶ್ನೆ: ಸಂಗನಕಲ್ಲು ಗುಡ್ಡದ ಹತ್ತಿರ ನುಣುಪಾದ ಕಪ್ಪು-ಹಸಿರು ಕಲ್ಲು ಸಿಕ್ಕಿದೆ, ಒಂದು ತುದಿ ಚೂಪು. ಯಾವ ಖನಿಜ? — ಬಳ್ಳಾರಿ

ಖನಿಜದ ಮಾತು ಬಿಡಿ. ಅದು ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಕೊಡಲಿ ಇರಬಹುದು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಆ ಗುಡ್ಡದ ಮೇಲೆ ಜನ ಕೂತು ಅಂಥ ಕೊಡಲಿಗಳನ್ನು ತಯಾರಿಸುತ್ತಿದ್ದರು. ತೊಳೆಯಬೇಡಿ, ಗೀರಬೇಡಿ, ಮಾರಬೇಡಿ. ಸಿಕ್ಕ ಜಾಗದ ಗುರುತು ಬರೆದುಕೊಂಡು ಪುರಾತತ್ವ ಇಲಾಖೆಯವರಿಗೆ ತೋರಿಸಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಕಲ್ಲು ಕೂಡಿಡುತ್ತೇನೆ. ಅಮ್ಮ ಎಸೆಯುತ್ತಾರೆ. ಹೇಗೆ ಇಟ್ಟುಕೊಳ್ಳಬೇಕು ಸರ್? — ತೋರಣಗಲ್ಲು

ತಂಗಿ, ಈ ಪತ್ರ ನೋಡಿ ಬಹಳ ಸಂತೋಷ ಆಯಿತು. ಖಾಲಿ ಬೆಂಕಿಪೆಟ್ಟಿಗೆಗಳನ್ನು ಕೂಡಿಸಿಕೋ. ಒಂದು ಪೆಟ್ಟಿಗೆಗೆ ಒಂದೇ ಕಲ್ಲು, ಕೆಳಗೆ ಸ್ವಲ್ಪ ಹತ್ತಿ. ಒಂದು ಚೀಟಿಯಲ್ಲಿ ತಾರೀಕು, ಊರು, ಹಳ್ಳದ ಅಥವಾ ಹೊಲದ ಹೆಸರು, ಅಕ್ಕಪಕ್ಕ ಎಂಥ ಕಲ್ಲಿತ್ತು ಅಂತ ಪೆನ್ಸಿಲ್ಲಿನಲ್ಲಿ ಬರಿ. ಪೆನ್ನಿನ ಇಂಕು ನೀರು ತಾಗಿದರೆ ಹರಡುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡು, ಊಹೆ ಮಾಡಿ ಬರೆಯಬೇಡ. ಧೂಳು ಉದುರುವ ಕಲ್ಲು ಮುಟ್ಟಿದರೆ ಊಟಕ್ಕೆ ಮುಂಚೆ ಕೈ ತೊಳೆದುಕೋ. ಚೀಟಿ ಹಾಕಿದ ಪೆಟ್ಟಿಗೆಗಳನ್ನು ಒಂದು ಸಲ ಅಮ್ಮನಿಗೂ ತೋರಿಸು.